ಬಣ್ಣಕ್ಕಿಂತ ಮೊದಲು ಗೆರೆ: ಇಪ್ಪತ್ತು ವರ್ಷದ ನಗರ ಯೋಜನೆ ಮಾಡಿದ ನನ್ನ ಅನುಭವ

ಮಾಸ್ಟರ್ ಪ್ಲಾನ್ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಬಣ್ಣಬಣ್ಣದ ನಕ್ಷೆ. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಪಾರ್ಕಿಗೆ ಹಸಿರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಆ ಬಣ್ಣಗಳೇ ಮುಖ್ಯ ಅನ್ನಿಸಿತ್ತು. ಯಾವ ಜಾಗ ಯಾವುದಕ್ಕೆ ಅಂತ ತೀರ್ಮಾನ ಮಾಡಿಬಿಟ್ಟರೆ ನಗರ ಹಾಗೆಯೇ ಬೆಳೆಯುತ್ತದೆ ಅಂದುಕೊಂಡಿದ್ದೆ.

ಆಮೇಲೆ ಸುಮಾರು 6 ಲಕ್ಷ ಜನರಿದ್ದ ಒಂದು ನಗರಕ್ಕೆ ಇಪ್ಪತ್ತು ವರ್ಷದ ಯೋಜನೆ ಮಾಡುವ ತಂಡಕ್ಕೆ ಬಂದೆ. ಶುರುವಿನಿಂದ ಮಂಜೂರಾತಿವರೆಗೆ ಎರಡೂವರೆ ವರ್ಷ ಹಿಡಿಯಿತು. ಕೆಲಸ ಮುಗಿಯುವಷ್ಟರಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿತ್ತು. ಬಣ್ಣಗಳನ್ನು ಐದು ವರ್ಷಕ್ಕೊಮ್ಮೆ ತಿದ್ದಬಹುದು, ತಿದ್ದುತ್ತಾರೆ ಕೂಡ. ಗೆರೆ ತಪ್ಪಿದರೆ ತಿದ್ದುವುದು ಬಹಳ ಕಷ್ಟ. ಗೆರೆ ಅಂದರೆ ದೊಡ್ಡ ರಸ್ತೆಗಳದ್ದು, ನೀರು ಹರಿಯುವ ದಾರಿಯದ್ದು, ಎಲ್ಲರಿಗೂ ಸೇರಿದ ಬಯಲಿನದ್ದು. ಮನೆಗಳು ಏಳುವ ಮೊದಲು ಈ ಮೂರನ್ನು ಎಳೆದು ನೆಲದ ಮೇಲೆ ಉಳಿಸಿಕೊಂಡರೆ ಮುಕ್ಕಾಲು ಕೆಲಸ ಆದಂತೆ.

ಮೊದಲ ಏಳು ತಿಂಗಳು ನಾವು ಏನನ್ನೂ ಯೋಜಿಸಲಿಲ್ಲ. ಇರುವುದನ್ನು ಅಳೆದೆವು, ಅಷ್ಟೇ. ಪ್ಯಾಟ್ರಿಕ್ ಗೆಡ್ಡಿಸ್ ನೂರು ವರ್ಷದ ಹಿಂದೆಯೇ ಮೊದಲು ಸರ್ವೆ, ಆಮೇಲೆ ಪ್ಲಾನ್ ಎಂದು ಪಟ್ಟು ಹಿಡಿದಿದ್ದರು. ಅವರು ಜೀವಶಾಸ್ತ್ರದಿಂದ ನಗರ ಯೋಜನೆಗೆ ಬಂದವರು. ನೋಡದೆ ಔಷಧಿ ಕೊಡಬಾರದು ಅನ್ನುವ ಸ್ವಭಾವ ಅಲ್ಲಿಂದಲೇ ಬಂದಿರಬೇಕು. ಓದುವಾಗ ಇದು ಸುಲಭದ ಮಾತು ಅನ್ನಿಸುತ್ತದೆ. ಮಾಡುವಾಗ ಗೊತ್ತಾಗುತ್ತದೆ.

ನಮ್ಮ ಹತ್ತಿರ ಜಮೀನಿನ ಹಳೆಯ ಸರ್ವೆ ನಕ್ಷೆ ಇತ್ತು, ನೀರಿನ ಪೈಪುಗಳ ನಕ್ಷೆ ಇತ್ತು, ಹೊಸ ಉಪಗ್ರಹ ಚಿತ್ರವೂ ಇತ್ತು. ಮೂರನ್ನೂ ಒಂದರ ಮೇಲೊಂದು ಕೂರಿಸಿದರೆ ಹೊಂದುತ್ತಿರಲಿಲ್ಲ. ಒಂದು ಕಡೆ 11 ಮೀಟರ್ ವ್ಯತ್ಯಾಸ ಬಂತು. 11 ಮೀಟರ್ ಅಂದರೆ ಒಂದು ಮನೆ. ಕಂಪ್ಯೂಟರಿನಲ್ಲಿ ರಸ್ತೆ ಮನೆಯ ಪಕ್ಕದಲ್ಲಿ ಹಾಯುತ್ತದೆ, ನೆಲದ ಮೇಲೆ ಅದೇ ರಸ್ತೆ ಅಡುಗೆಮನೆಯ ಮಧ್ಯದಿಂದ ಹೋಗುತ್ತದೆ. ಆ ಮನೆಯವರಿಗೆ ಇದು ಸಾಫ್ಟ್‌ವೇರ್ ತಪ್ಪು ಅಂತ ಹೇಳಲು ಆಗುತ್ತದಾ? ಹಾಗಾಗಿ ಹೊಲದ ಗಡಿಕಲ್ಲುಗಳನ್ನೇ ಹುಡುಕಿಕೊಂಡು ಹೊರಟೆವು. ಪೊದೆ ಸವರಿ, ಮಣ್ಣು ಕೆದರಿ, ಕಲ್ಲು ಸಿಕ್ಕಲ್ಲಿ ಜಿಪಿಎಸ್ ಉಪಕರಣ ನಿಲ್ಲಿಸಿ ಅಳತೆ ತೆಗೆದೆವು. ನಾನೂರಕ್ಕೂ ಜಾಸ್ತಿ ಕಲ್ಲು. ಈಗಲೂ ಯಾರಾದರೂ ಎರಡು ತಿಂಗಳಲ್ಲಿ ಮಾಸ್ಟರ್ ಪ್ಲಾನ್ ಮಾಡಿಕೊಡುತ್ತೇವೆ ಅಂದರೆ ನಾನು ಮೊದಲು ಕೇಳುವುದು ಗಡಿಕಲ್ಲಿನ ಬಗ್ಗೆಯೇ.

ಆಮೇಲೆ ಜನಸಂಖ್ಯೆಯ ಲೆಕ್ಕ. ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ವರ್ಷಕ್ಕೆ ಶೇ. 3ರ ಬೆಳವಣಿಗೆ ಹಿಡಿದು, ಇಪ್ಪತ್ತು ವರ್ಷಕ್ಕೆ 10.8 ಲಕ್ಷ ಎಂದು ಒಂದೇ ಅಂಕಿ ಬರೆದೆವು. ಆ ಅಂಕಿಯ ಮೇಲೆ ಮೂರು ತಿಂಗಳು ವಾದ ನಡೆಯಿತು. ನೀರಿನವರಿಗೆ ಅದು ಜಾಸ್ತಿ ಕಂಡಿತು, ಸಾರಿಗೆಯವರಿಗೆ ಕಡಿಮೆ ಕಂಡಿತು. ಕೊನೆಗೆ ಲೆಕ್ಕವನ್ನು ಬಿಚ್ಚಿ ಹಾಕಿದೆವು. ಶೇ. 2 ಆದರೆ 8.9 ಲಕ್ಷ. ಶೇ. 4 ಆದರೆ 13.1 ಲಕ್ಷ. ಶೇಕಡಾ ಒಂದೊಂದು ಅಂಶದ ವ್ಯತ್ಯಾಸಕ್ಕೆ ಇಷ್ಟು ದೂರ. ಒಂದು ಕಾರ್ಖಾನೆ ಬಂದರೆ, ಇನ್ನೊಂದು ಮುಚ್ಚಿದರೆ, ಅಂಕಿ ಎಲ್ಲಿಗೆ ಬೇಕಾದರೂ ಹೋಗಬಹುದು.

ಆಗ ಪ್ರಶ್ನೆಯನ್ನೇ ಬದಲಿಸಿಕೊಂಡೆವು. ಎಷ್ಟು ಜನ ಬರುತ್ತಾರೆ ಅನ್ನುವುದನ್ನು ಬಿಟ್ಟು, ಈ ಮೂರರಲ್ಲಿ ಯಾವುದೇ ನಡೆದರೂ ಬೇಕೇ ಬೇಕಾದದ್ದು ಏನು ಅಂತ ಕೇಳಿಕೊಂಡೆವು. ಪಂಪ್‌ಹೌಸ್ ಹತ್ತು ವರ್ಷ ತಡವಾಗಿ ಕಟ್ಟಿದರೆ ನಡೆಯುತ್ತದೆ. ಶಾಲೆಗೆ ಒಂದು ಮಹಡಿ ಏರಿಸಬಹುದು. ಮನೆಗಳು ತುಂಬಿದ ಜಾಗದಲ್ಲಿ ಮೂವತ್ತು ಮೀಟರ್ ಅಗಲದ ರಸ್ತೆ ಬಿಡಿಸಲು ಆಗುವುದಿಲ್ಲ. ಮುಚ್ಚಿದ ಹಳ್ಳವನ್ನು ಮತ್ತೆ ತೆರೆಯಲು ಆಗುವುದಿಲ್ಲ. ಹಾಗಾಗಿ ಇವೆರಡಕ್ಕೂ ದೊಡ್ಡ ಅಂಕಿಯನ್ನೇ ಹಿಡಿದೆವು. ಉಳಿದದ್ದಕ್ಕೆ ಹಂತ ಮಾಡಿದೆವು.

ನೀರಿನ ಗೆರೆಗಾಗಿ ಒಂಬತ್ತು ದಿನ ಹಳ್ಳದ ಗುಂಟ ನಡೆದೆವು. ನಕ್ಷೆಯಲ್ಲಿ ಆ ಹಳ್ಳದ ಅಗಲ ನಾಲ್ಕು ಮೀಟರ್. ಬೇಸಿಗೆಯಲ್ಲಿ ನೋಡಿದರೆ ಅಷ್ಟೂ ಇಲ್ಲ, ಹಾರಿ ದಾಟಬಹುದು. ಒಂದು ಕಡೆ ದಂಡೆಯಿಂದ ಎಂಬತ್ತು ಹೆಜ್ಜೆ ಆಚೆ ಹಳೆಯದೊಂದು ಮನೆ. ಅಲ್ಲಿದ್ದ ಅಜ್ಜಿ ನಮ್ಮ ಕೈಯಲ್ಲಿದ್ದ ಅಳತೆಯ ಕೋಲು ನೋಡಿ, "ನೀರಿನ ಲೆಕ್ಕ ತಾನೇ? ಬನ್ನಿ ತೋರಿಸ್ತೀನಿ" ಅಂತ ಒಳಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ಒಂದು ಕಂದು ಗೆರೆ. ಎಷ್ಟು ಸಲ ಸುಣ್ಣ ಹೊಡೆದರೂ ಮತ್ತೆ ಮೂಡುತ್ತಿತ್ತಂತೆ. ಬಾಗಿಲ ಚೌಕಟ್ಟಿನಲ್ಲೂ ಅದೇ ಎತ್ತರಕ್ಕೆ ಮರ ಉಬ್ಬಿತ್ತು. ಅಲ್ಲಿಂದ ಲೆವೆಲ್ ತೆಗೆದು ಎದುರು ದಂಡೆಗೆ ಒಯ್ದರೆ, ನೀರು ನಿಂತಿದ್ದ ಅಗಲ 190 ಮೀಟರ್. ಕರಡಿನಲ್ಲಿ ಆ ಜಾಗಕ್ಕೆಲ್ಲ ನಾವು ಹಳದಿ ಬಳಿದಿದ್ದೆವು. ಮನೆ ಕಟ್ಟಿ ಎಂದು ನಾವೇ ಹೇಳುವವರಿದ್ದೆವು.

ಆ ಸಂಜೆಯೇ ಹಳದಿ ಅಳಿಸಿದೆವು. ಆಮೇಲೆ ಎಲ್ಲ ಹಳ್ಳಗಳಿಗೂ ನೆಲದ ಏರಿಳಿತದ ಲೆಕ್ಕ ಹಾಕಿ, ಹಳೆಯ ನೆರೆಯ ಗುರುತುಗಳ ಜೊತೆ ತಾಳೆ ನೋಡಿ, ಗೆರೆ ಎಳೆದೆವು. ಬಯಲಿಗೆ ಬೇರೆ ಜಾಗ ಹುಡುಕುವ ಕೆಲಸ ಅರ್ಧ ಕಡಿಮೆಯಾಯಿತು. ವರ್ಷದಲ್ಲಿ ನಾಲ್ಕು ದಿನ ನೀರು ನಿಲ್ಲುವ ಜಾಗ ಉಳಿದ ದಿನ ಆಟದ ಮೈದಾನವಾಗಬಹುದು, ನಡೆಯುವ ದಾರಿಯಾಗಬಹುದು. ಕೋಪನ್‌ಹೇಗನ್ನಿನವರು 1947ರಲ್ಲಿ ಮಾಡಿದ ಯೋಜನೆ ಕೈಬೆರಳಿನ ಆಕಾರದ್ದು. ರೈಲು ಮಾರ್ಗದ ಗುಂಟ ಐದು ಬೆರಳಿನಂತೆ ಊರು, ಬೆರಳುಗಳ ನಡುವೆ ಹಸಿರು. ಊರಿನ ಸುತ್ತ ಹಸಿರು ಬೇಲಿ ಹಾಕುವುದಕ್ಕಿಂತ ನನಗೆ ಇದು ಹೆಚ್ಚು ಹಿಡಿಸುತ್ತದೆ. ಹಸಿರು ಊರಿನ ಹೊಟ್ಟೆಯವರೆಗೂ ಬರುತ್ತದೆ, ಜನ ನಡೆದು ತಲುಪಬಹುದು.

ರಸ್ತೆಗಳ ವಿಷಯಕ್ಕೆ ನಮ್ಮ ತಂಡದಲ್ಲೇ ಜಗಳ. ಒಬ್ಬರಿಗೆ ವರ್ತುಲ ರಸ್ತೆಯೇ ಬೇಕು. ನಾನು ಮತ್ತು ಇನ್ನಿಬ್ಬರು ಬಲೆಯಂತಹ ರಸ್ತೆಗಳ ಪರ. ಹೊಸದಾಗಿ ಬೆಳೆಯುವ ಜಾಗ ಸುಮಾರು 34 ಚದರ ಕಿಲೋಮೀಟರ್. ಅದರಲ್ಲಿ ಕಿಲೋಮೀಟರಿಗೊಂದರಂತೆ ಎರಡೂ ದಿಕ್ಕಿಗೆ 30 ಮೀಟರ್ ಅಗಲದ ರಸ್ತೆಗೆ ಜಾಗ ಬಿಡೋಣ ಅಂದೆವು. ನಗರ ವಿಸ್ತರಣೆಯ ಬಗ್ಗೆ ಜೀವನಪೂರ್ತಿ ಕೆಲಸ ಮಾಡಿದ ಶ್ಲೋಮೊ ಏಂಜೆಲ್ ಹೇಳುವುದೂ ಇದನ್ನೇ. ಹೀಗೆ ಮಾಡಿದರೆ ಎಲ್ಲಿಂದ ಹೊರಟರೂ ಹತ್ತು ನಿಮಿಷ ನಡೆದರೆ ಬಸ್ಸು ಸಿಗುವ ರಸ್ತೆ ಸಿಗುತ್ತದೆ. ನೀರಿನ ದೊಡ್ಡ ಪೈಪು, ಒಳಚರಂಡಿ, ಕರೆಂಟು ಎಲ್ಲ ಅದೇ ದಾರಿಯಲ್ಲಿ ಹೋಗುತ್ತವೆ. ಹಳ್ಳ, ಗುಡ್ಡ ತಪ್ಪಿಸಿ ಎಳೆದಾಗ ಒಟ್ಟು 62 ಕಿಲೋಮೀಟರ್ ಬಂತು. ಜಾಗದ ಲೆಕ್ಕದಲ್ಲಿ 186 ಹೆಕ್ಟೇರ್. ಇಡೀ ವಿಸ್ತರಣೆ ಪ್ರದೇಶದ ಶೇ. 5.5 ಮಾತ್ರ. ಸಣ್ಣ ರಸ್ತೆಗಳೂ ಸೇರಿ ನಗರದ ಶೇ. 30ರಷ್ಟಾದರೂ ನೆಲ ರಸ್ತೆಗೆ ಬೇಕು ಎಂದು ವಿಶ್ವಸಂಸ್ಥೆಯ ನಗರ ವಿಭಾಗ ಹೇಳುತ್ತದೆ. ಆ ಸಣ್ಣ ರಸ್ತೆಗಳನ್ನು ನಾವು ಎಳೆಯಲಿಲ್ಲ. ಲೇಔಟ್ ಮಾಡುವವರು ಎಷ್ಟು ಬಿಡಬೇಕು ಅನ್ನುವ ನಿಯಮ ಮಾತ್ರ ಬರೆದೆವು.

ಜನ ಇಲ್ಲದ ಹೊಲದಲ್ಲಿ ಇಷ್ಟು ರಸ್ತೆ ಯಾಕೆ ಅಂತ ಎಲ್ಲ ಸಭೆಯಲ್ಲೂ ಕೇಳಿದರು. ನಾನು ನ್ಯೂಯಾರ್ಕಿನ ಕಥೆ ಹೇಳುತ್ತಿದ್ದೆ. 1811ರಲ್ಲಿ ಮ್ಯಾನ್‌ಹಟನ್‌ಗೆ ರಸ್ತೆಗಳ ನಕ್ಷೆ ಮಾಡಿದಾಗ ಆ ಊರಿನಲ್ಲಿ ಒಂದು ಲಕ್ಷ ಜನರೂ ಇರಲಿಲ್ಲ. ಆದರೂ ಹೊಲ, ಬಂಡೆಗಳ ಮೇಲೆಲ್ಲ 155ನೇ ಬೀದಿಯವರೆಗೆ ಗೆರೆ ಎಳೆದರು. ನೋಡಿದವರು ನಗಬಹುದು ಎಂದು ಅದನ್ನು ಮಾಡಿದವರೇ ಬರೆದುಕೊಂಡಿದ್ದಾರೆ. ಊರು ಬೆಳೆದು ಬಂದು ಆ ಗೆರೆಗಳಲ್ಲೇ ಕೂತಿತು. ದೊಡ್ಡ ಪಾರ್ಕಿಗೆ ಮಾತ್ರ ಅವರು ಜಾಗ ಬಿಟ್ಟಿರಲಿಲ್ಲ. 1853ರ ನಂತರ ಸೆಂಟ್ರಲ್ ಪಾರ್ಕಿಗಾಗಿ ಹಣ ಕೊಟ್ಟು ಜಾಗ ತೆಗೆದುಕೊಳ್ಳಬೇಕಾಯಿತು, ಅಲ್ಲಿ ಮನೆ ಮಾಡಿಕೊಂಡಿದ್ದ ಸುಮಾರು 1,600 ಜನರನ್ನು ಎಬ್ಬಿಸಬೇಕಾಯಿತು. ಆ 1,600 ಜನರ ವಿಷಯ ನಾನು ಬಿಡದೆ ಹೇಳುತ್ತಿದ್ದೆ. ತಡ ಮಾಡಿದ್ದಕ್ಕೆ ಬೆಲೆ ತೆತ್ತವರು ಅವರು.

ಬಾರ್ಸಿಲೋನಾ ಇನ್ನೊಂದು ಪಾಠ. ಅಲ್ಲಿನ ವಿಸ್ತರಣೆಗೆ 1859ರಲ್ಲಿ ಇಲ್ಡೆಫಾನ್ಸ್ ಸೆರ್ದಾ ಮಾಡಿದ ಯೋಜನೆಯಲ್ಲಿ 20 ಮೀಟರ್ ಅಗಲದ ಬೀದಿಗಳು, ಮೂಲೆ ಕತ್ತರಿಸಿದ ಚೌಕಗಳು, ಪ್ರತಿ ಚೌಕದ ಒಳಗೂ ತೋಟಕ್ಕೆ ಜಾಗ. ಬೀದಿಗಳು ಇಂದಿಗೂ ಹಾಗೆಯೇ ಇವೆ. ಒಳಗಿನ ತೋಟಗಳು ಹೆಚ್ಚುಕಡಿಮೆ ಎಲ್ಲ ಕಟ್ಟಡಗಳಾದವು. ಬೀದಿ ಎಲ್ಲರದ್ದಾಗಿತ್ತು, ತೋಟ ಖಾಸಗಿ ಜಾಗದಲ್ಲಿತ್ತು. ಇದನ್ನು ಓದಿದ ಮೇಲೆ, ಖಾಸಗಿ ನೆಲದ ಮೇಲೆ ಸುಮ್ನೆ ಹಸಿರು ಬಣ್ಣ ಬಳಿದು ಪಾರ್ಕ್ ಎಂದು ಬರೆಯುವುದರಲ್ಲಿ ನನಗೆ ನಂಬಿಕೆ ಹೋಯಿತು.

ಕರಡು ಪ್ಲಾನಿನ ಮೇಲೆ ಜನರ ಆಕ್ಷೇಪಣೆ ಕೇಳುವ ಸಭೆಯಲ್ಲಿ ಈ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು. ಒಬ್ಬ ರೈತರು ಮಡಚಿ ಮಡಚಿ ಹರಿದಿದ್ದ ಹಳೆಯ ಪ್ಲಾನಿನ ಪ್ರತಿ ತಂದಿದ್ದರು. ಮೇಜಿನ ಮೇಲೆ ಹರಡಿ, ಹಸಿರು ತುಣುಕಿನ ಮೇಲೆ ಬೆರಳಿಟ್ಟರು. "ಇಪ್ಪತ್ತು ವರ್ಷದ ಹಿಂದೆ ನಮ್ಮ ಹೊಲಕ್ಕೆ ಪಾರ್ಕ್ ಅಂತ ಬರೆದ್ರಿ ಸಾರ್. ತಗೊಳ್ಳಲೂ ಇಲ್ಲ, ಬಿಡಲೂ ಇಲ್ಲ. ಮಾರೋಕಾಗಲಿಲ್ಲ, ಮಗನಿಗೊಂದು ಮನೆ ಕಟ್ಟೋಕಾಗಲಿಲ್ಲ. ಈಗ ಮತ್ತೆ ಹಸಿರೇ ಬಳಿದಿದ್ದೀರಿ." ನನ್ನ ಹತ್ತಿರ ಉತ್ತರ ಇರಲಿಲ್ಲ. "ಯಜಮಾನ್ರೇ, ನಿಮ್ಮ ಮಾತು ಸರಿ" ಅಂತಷ್ಟೇ ಹೇಳಿದೆ. ಅವತ್ತು ರಾತ್ರಿ ಹಳೆಯ ಪ್ಲಾನಿನಲ್ಲಿ ಕಾದಿರಿಸಿದ್ದ ಜಾಗಗಳನ್ನೆಲ್ಲ ಲೆಕ್ಕ ಹಾಕಿದೆ. ಐದರಲ್ಲಿ ಒಂದನ್ನು ಮಾತ್ರ ನಿಜವಾಗಿ ತೆಗೆದುಕೊಂಡಿದ್ದರು. ಉಳಿದ ನಾಲ್ಕು ಕಡೆ ಯಾರದೋ ಬದುಕು ನಿಂತುಹೋಗಿತ್ತು.

ಅದಾದ ಮೇಲೆ ದಾರಿ ಬದಲಿಸಿದೆವು. ಜಮೀನು ಕಿತ್ತುಕೊಳ್ಳುವ ಬದಲು ಒಟ್ಟುಗೂಡಿಸಿ ಮರುಹಂಚಿಕೆ ಮಾಡುವ ವಿಧಾನ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1902ರಲ್ಲೇ ಇದಕ್ಕೆ ಕಾನೂನು ಬಂದಿತ್ತು. ಜಪಾನಿನಲ್ಲಿ ಇದನ್ನು ನಗರ ಯೋಜನೆಯ ತಾಯಿ ಅಂತಲೇ ಕರೆಯುತ್ತಾರೆ. ಒಂದು ಪ್ರದೇಶದ ಮಾಲೀಕರೆಲ್ಲರ ನೆಲವನ್ನು ಒಂದೇ ಎಂದು ಭಾವಿಸಿ, ರಸ್ತೆಗೆ, ಬಯಲಿಗೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಅವರವರ ಪಾಲಿನ ಪ್ರಕಾರ ಅಚ್ಚುಕಟ್ಟು ಸೈಟುಗಳಾಗಿ ವಾಪಸ್ ಕೊಡುವುದು. ನೆಲ ಕಡಿಮೆಯಾಗುತ್ತದೆ. ಆದರೆ ರಸ್ತೆ, ನೀರು ಬಂದ ಮೇಲೆ ಬೆಲೆ ಏರುತ್ತದೆ. ಎಲ್ಲಕ್ಕಿಂತ ಮುಖ್ಯ, ರಸ್ತೆ ಹಾಯ್ದವನೊಬ್ಬನೇ ಪೂರ್ತಿ ಕಳೆದುಕೊಳ್ಳುವುದಿಲ್ಲ. ನಷ್ಟವನ್ನೂ ಲಾಭವನ್ನೂ ಎಲ್ಲರೂ ಹಂಚಿಕೊಳ್ಳುತ್ತಾರೆ.

ಮೊದಲ ಪ್ರದೇಶದಲ್ಲಿ 212 ಮಾಲೀಕರು. ಒಬ್ಬೊಬ್ಬರ ಮನೆಗೂ ಹೋದೆವು. ಎಷ್ಟು ಕೊಡಬೇಕು, ಎಲ್ಲಿ ಸಿಗುತ್ತದೆ, ಯಾವಾಗ ಸಿಗುತ್ತದೆ ಅನ್ನುವುದನ್ನು ಒಂದೊಂದು ಹಾಳೆಯಲ್ಲಿ ಬರೆದು ಕೈಗೆ ಕೊಟ್ಟೆವು. ಜನ ಕೊಡುವುದಿಲ್ಲ ಅನ್ನುವ ಮಾತು ಆಮೇಲೆ ನಾನು ಒಪ್ಪಿಲ್ಲ. ಎಲ್ಲರಿಗೂ ಒಂದೇ ಲೆಕ್ಕ ಅಂತ ಖಾತ್ರಿಯಾದರೆ ಕೊಡುತ್ತಾರೆ. ಸಹಿ ಹಾಕಲು ಒಂದು ವರ್ಷ ಬೇಕಾಯಿತು, ಆದರೆ ಹಾಕಿದರು.

ಭೂಬಳಕೆಯ ಬಣ್ಣಗಳನ್ನು ಅಂತಿಮವಾಗಿ ಬಳಿದದ್ದು ಕೊನೆಯ ಎರಡು ತಿಂಗಳಲ್ಲಿ. ದೊಡ್ಡ ರಸ್ತೆಗಳ ಬದಿಯಲ್ಲಿ ಎತ್ತರದ ಕಟ್ಟಡ, ಅಂಗಡಿ, ಕಚೇರಿ ಬೆರೆತಿರಲಿ ಎಂದು ಬಿಟ್ಟೆವು. ಬ್ರೆಜಿಲಿನ ಕುರಿಟಿಬಾದಲ್ಲಿ ಬಸ್ಸಿನ ಮಾರ್ಗದ ಗುಂಟ ಎತ್ತರ ಬೆಳೆಯಲು ಬಿಟ್ಟದ್ದು ನಮ್ಮ ಕಣ್ಣ ಮುಂದಿತ್ತು. ಹೊಗೆ, ಸದ್ದಿನ ಕಾರ್ಖಾನೆಗಳನ್ನು ಮಾತ್ರ ಕಟ್ಟುನಿಟ್ಟಾಗಿ ದೂರ ಇಟ್ಟೆವು.

ಮಂಜೂರಾದ ತಿಂಗಳೇ ಕಲ್ಲು ನೆಡಲು ಶುರು ಮಾಡಿದೆವು. ರಸ್ತೆಯ ಗೆರೆ ಹೋಗುವ ಕಡೆಯೆಲ್ಲ ಎರಡೂ ಅಂಚಿಗೆ, ನೂರು ಮೀಟರಿಗೊಂದು. ರಸ್ತೆ ಮಾಡಲು ಆಗ ದುಡ್ಡಿರಲಿಲ್ಲ. ಕಲ್ಲಿಗೆ ಇತ್ತು. ಮನೆ ಕಟ್ಟುವವರು ನಕ್ಷೆ ನೋಡದೇ ಇರಬಹುದು, ಹಳದಿ ಬಣ್ಣ ಹೊಡೆದ ಕಲ್ಲನ್ನು ನೋಡೇ ನೋಡುತ್ತಾರೆ.

ಈಗ ಐದು ವರ್ಷದ ಪರಿಶೀಲನೆ ನಡೆಯುತ್ತಿದೆ. 62 ಕಿಲೋಮೀಟರಿನಲ್ಲಿ 47 ಖಾಲಿಯಾಗಿಯೇ ಉಳಿದಿದೆ. 9 ಕಿಲೋಮೀಟರ್ ಅರ್ಧ ಅಗಲಕ್ಕೆ ರಸ್ತೆಯಾಗಿದೆ. 6 ಕಿಲೋಮೀಟರಿನಲ್ಲಿ ಅಲ್ಲಲ್ಲಿ ಮನೆ ಎದ್ದಿವೆ. ಅವುಗಳಲ್ಲಿ ಹೆಚ್ಚಿನವು ಕಲ್ಲು ನೆಡುವುದು ತಡವಾದ ಕಡೆ. ಎರಡು ಕಡೆ ಗೆರೆಯನ್ನು ಸ್ವಲ್ಪ ಬಾಗಿಸಿ ಮನೆ ಉಳಿಸಬಹುದು. ಉಳಿದ ಕಡೆ ಏನು ಮಾಡಬೇಕು ಎಂದು ಮಾಲೀಕರ ಜೊತೆ ಮಾತು ನಡೆದಿದೆ.

ಹೋದ ತಿಂಗಳು ಮರುಹಂಚಿಕೆ ಆದ ಪ್ರದೇಶದಲ್ಲಿ ನಡೆಯುತ್ತಿದ್ದಾಗ ಅದೇ ರೈತರು ಸಿಕ್ಕರು. ಮಗನ ಮನೆಗೆ ಪಾಯ ತೆಗೆಸುತ್ತಿದ್ದರು. ಪಾಯದ ಗುಂಡಿಯಿಂದ ಕಲ್ಲಿನವರೆಗೆ ಟೇಪು ಹಿಡಿದು, ಬಿಡಬೇಕಾದ ಜಾಗ ಬಿಟ್ಟಿದ್ದೇನೆ ನೋಡಿ ಅಂತ ತೋರಿಸಿದರು. ಆಮೇಲೆ ಎದುರಿನ ಮಣ್ಣಿನ ದಾರಿ ನೋಡುತ್ತಾ, "ಇಲ್ಲಿಗೆ ಬಸ್ಸು ಯಾವಾಗ ಬರುತ್ತೆ ಸಾರ್?" ಅಂದರು. ಆ ರಸ್ತೆಯ ಎರಡು ಕಿಲೋಮೀಟರನ್ನು ಮುಂದಿನ ವರ್ಷದ ಕಾಮಗಾರಿ ಪಟ್ಟಿಗೆ ಸೇರಿಸಿದ್ದೇವೆ.