ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗೂ ಒಂದೇ ಪ್ಯಾಕೇಜು: ಡೆಬಿಯನ್ ಕಂಟ್ರೋಲ್ ಫೈಲ್ ಬರೆಯುವ ಬಗೆ

ಶಾಲೆಯ ಲ್ಯಾಬ್‌ನ ಇಪ್ಪತ್ತು ಕಂಪ್ಯೂಟರ್‌ಗೆ ಡೆಬಿಯನ್ (ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಂ) ಹಾಕಬೇಕು. ಜೊತೆಗೆ ಕನ್ನಡ ಫಾಂಟ್, ಕನ್ನಡ ಟೈಪಿಂಗ್, ಲಿಬ್ರೆಆಫೀಸ್, ಮಕ್ಕಳಿಗೆ ಜಿಕಾಂಪ್ರಿ ಎಂಬ ಕಲಿಕೆಯ ಆಟಗಳು ಬೇಕು ಎಂದಿಟ್ಟುಕೊಳ್ಳಿ. ಒಂದೊಂದರ ಮುಂದೆಯೂ ಕೂತು ಇನ್‌ಸ್ಟಾಲ್ ಮಾಡುವುದಂತೂ ಬೇಡ. ಕಮಾಂಡ್‌ಗಳನ್ನೆಲ್ಲ ಒಂದು ಸ್ಕ್ರಿಪ್ಟ್‌ಗೆ ತುಂಬುವುದೂ ಅಷ್ಟಕ್ಕಷ್ಟೆ. ಸ್ಕ್ರಿಪ್ಟ್ ಒಮ್ಮೆ ಓಡಿ ಮುಗಿಯುತ್ತದೆ, ಮರುವರ್ಷ ಪಟ್ಟಿ ಬದಲಾದಾಗ ಯಾವ ಯಂತ್ರದಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಸರಿಯಾದ ದಾರಿ ಮೆಟಾಪ್ಯಾಕೇಜ್. ಅದರೊಳಗೆ ಪ್ರೋಗ್ರಾಂ ಏನೂ ಇರುವುದಿಲ್ಲ, ಕಂಟ್ರೋಲ್ ಎಂಬ ಹತ್ತು ಹನ್ನೆರಡು ಸಾಲಿನ ಟೆಕ್ಸ್ಟ್ ಫೈಲ್ ಇರುತ್ತದೆ, ಅಷ್ಟೇ. ಡೆಬಿಯನ್‌ನಲ್ಲಿ ಪ್ಯಾಕೇಜ್ ತಂದು ಹಾಕುವ ಆಪ್ಟ್ ಎಂಬ ಪ್ರೋಗ್ರಾಂ ಅದನ್ನು ಓದಿ ಮಿಕ್ಕಿದ್ದನ್ನೆಲ್ಲ ತಾನೇ ತರುತ್ತದೆ.

ಇಲ್ಲಿ ಕಮಾಂಡ್, ಫೀಲ್ಡ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ.

ಮೊದಲು ಗಣಕ-ಲ್ಯಾಬ್ ಎಂಬ ಡೈರೆಕ್ಟರಿ ಮಾಡಿ, ಅದರೊಳಗೆ ಪೂರ್ತಿ ದೊಡ್ಡಕ್ಷರದಲ್ಲಿ ಡೆಬಿಯನ್ ಎಂಬ ಇನ್ನೊಂದು ಡೈರೆಕ್ಟರಿ ಮಾಡಿ. ಅದರ ಪರ್ಮಿಷನ್ (ಯಾರು ಓದಬಹುದು, ತಿದ್ದಬಹುದು ಎಂಬ ಅನುಮತಿ) 0755 ಇರಲಿ. 0700 ಇದ್ದರೆ ಕಟ್ಟುವ ಹಂತದಲ್ಲೇ ನಿಲ್ಲುತ್ತದೆ. ಅದರಲ್ಲಿ ಕಂಟ್ರೋಲ್ ಎಂಬ ಫೈಲ್ ಬರೆಯಿರಿ:

ಪ್ಯಾಕೇಜ್: ಗಣಕ-ಲ್ಯಾಬ್
ವರ್ಷನ್: 1.0
ಆರ್ಕಿಟೆಕ್ಚರ್: ಆಲ್
ಮೇಂಟೇನರ್: ನಿಮ್ಮ ಹೆಸರು <ನಿಮ್ಮ ಇಮೇಲ್>
ಸೆಕ್ಷನ್: ಮೆಟಾಪ್ಯಾಕೇಜಸ್
ಡಿಪೆಂಡ್ಸ್: ಫಾಂಟ್ಸ್-ಕೆಎನ್‌ಡಿಎ, ಐಬಸ್-ಎಂ17ಎನ್
ರೆಕಮೆಂಡ್ಸ್: ಲಿಬ್ರೆಆಫೀಸ್, ಜಿಕಾಂಪ್ರಿ-ಕ್ಯೂಟಿ
ಡಿಸ್ಕ್ರಿಪ್ಷನ್: ಶಾಲಾ ಲ್ಯಾಬ್‌ಗೆ ಬೇಕಾದ ತಂತ್ರಾಂಶ
 ಕನ್ನಡ ಫಾಂಟ್, ಕೀಬೋರ್ಡ್, ಆಫೀಸ್ ಮತ್ತು ಕಲಿಕೆಯ ಆಟಗಳು.
 .
 ಇದನ್ನು ತೆಗೆಯಬೇಡಿ.

ಪ್ಯಾಕೇಜಿನ ಹೆಸರಿನಲ್ಲಿ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಪ್ಲಸ್, ಹೈಫನ್, ಚುಕ್ಕಿ ಬಿಟ್ಟರೆ ಬೇರೇನೂ ಸಲ್ಲದು; ಅಂಡರ್‌ಸ್ಕೋರ್ ಹಾಕುವವರೇ ಹೆಚ್ಚು, ಅದು ನಡೆಯುವುದಿಲ್ಲ. ಆರ್ಕಿಟೆಕ್ಚರ್‌ಗೆ (ಪ್ರೊಸೆಸರ್‌ನ ಬಗೆ) ಇಲ್ಲಿ ಆಲ್ ಎಂದರೆ ಸಾಕು. ಕಂಪೈಲ್ ಮಾಡಿದ ಪ್ರೋಗ್ರಾಂ ಒಳಗಿದ್ದರೆ ಎಎಂಡಿ64, ಎಆರ್‌ಎಂ64 ಎಂದು ಬರೆಯಬೇಕು. ಎಕ್ಸ್86_64 ಎಂಬುದು ಡೆಬಿಯನ್‌ನ ಹೆಸರಲ್ಲ.

ಡಿಸ್ಕ್ರಿಪ್ಷನ್‌ನಲ್ಲಿ ಎಡವುವವರು ಬಹಳ. ಮೊದಲ ಸಾಲು ಚಿಕ್ಕ ಸಾರಾಂಶ, 80 ಅಕ್ಷರದೊಳಗೆ. ಆಮೇಲಿನ ಪ್ರತಿ ಸಾಲೂ ಒಂದು ಸ್ಪೇಸ್‌ನಿಂದಲೇ ಶುರುವಾಗಬೇಕು. ಪ್ಯಾರಾ ಬಿಡಬೇಕೆಂದರೆ ಖಾಲಿ ಸಾಲು ಬಿಡುವಂತಿಲ್ಲ, ಸ್ಪೇಸ್ ಕೊಟ್ಟು ಒಂದು ಚುಕ್ಕಿ ಇಡಬೇಕು. ಯಾಕೆಂದರೆ ಈ ಫೈಲ್ ಮಾದರಿಯಲ್ಲಿ ಖಾಲಿ ಸಾಲು ಅಂದರೆ ಒಂದು ಪ್ಯಾಕೇಜಿನ ವಿವರ ಮುಗಿದು ಮುಂದಿನದು ಶುರುವಾಯಿತು ಎಂದರ್ಥ. ಖಾಲಿ ಸಾಲಿನ ನಂತರವೂ ನೀವು ಬರೆದಿದ್ದರೆ ಪ್ಯಾಕೇಜ್ ಕಟ್ಟುವ, ಹಾಕುವ ಡಿಪಿಕೆಜಿ ಎಂಬ ಸಾಧನ ‘ಇಲ್ಲಿ ಒಂದಕ್ಕಿಂತ ಹೆಚ್ಚು ಪ್ಯಾಕೇಜಿನ ಮಾಹಿತಿ ಇದೆ’ ಎಂದು ದೂರುತ್ತದೆ, ಓದಿದವರು ಎರಡನೆಯ ಪ್ಯಾಕೇಜ್ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಕೊನೆಯ ಸಾಲಿನ ನಂತರ ಒಂದು ಎಂಟರ್ ಒತ್ತಿರಲೇಬೇಕು, ಅದಿಲ್ಲದಿದ್ದರೂ ಎರರ್. ಫೈಲ್ ಯುಟಿಎಫ್-8 ಆಗಿದ್ದರೆ ವಿವರಣೆ ಕನ್ನಡದಲ್ಲಿದ್ದರೂ ತೊಂದರೆಯಿಲ್ಲ.

ವರ್ಷನ್ ಸಂಖ್ಯೆಗೆ ಐದು ನಿಮಿಷ ಹೆಚ್ಚು ಕೊಡಿ, ಹಾಕಿದ ಮೇಲೆ ಹಿಂದೆ ಬರುವುದು ಕಷ್ಟ. ಚುಕ್ಕಿಯ ನಡುವಿನ ಅಂಕಿಗಳನ್ನು ಸಂಖ್ಯೆಯಾಗಿಯೇ ಹೋಲಿಸುವುದರಿಂದ 1.10 ಎಂಬುದು 1.9ಕ್ಕಿಂತ ಹೊಸದು, 1.09 ಮತ್ತು 1.9 ಎರಡೂ ಒಂದೇ. ಪರೀಕ್ಷೆಗೆಂದು ಹೊರಡಿಸುವುದಕ್ಕೆ 1.0~ಆರ್‌ಸಿ1 ಎಂದು ಟಿಲ್ಡೆ (~) ಹಾಕಿ: ಟಿಲ್ಡೆ ಇರುವುದು ಯಾವಾಗಲೂ 1.0ಕ್ಕಿಂತ ಹಳೆಯದೆಂದೇ ಲೆಕ್ಕ. ತಾರೀಖನ್ನೇ ವರ್ಷನ್ ಮಾಡುವವರು ನಮ್ಮ ರೂಢಿಯಂತೆ ದಿನ-ತಿಂಗಳು-ವರ್ಷ ಬರೆದರೆ ಕೆಟ್ಟರು. ಜೂನ್ 30ರ 30062025ಕ್ಕಿಂತ ಮರುದಿನದ 01072025 ಚಿಕ್ಕ ಸಂಖ್ಯೆ, ಹಾಗಾಗಿ ಹೊಸ ಪ್ಯಾಕೇಜನ್ನು ಯಂತ್ರಗಳು ಮೂಸಿಯೂ ನೋಡುವುದಿಲ್ಲ. ವರ್ಷ ಮೊದಲು, ದಿನ ಕೊನೆಗೆ: 20250701. ಇನ್ನೂ ಜಾಣತನವೆಂದರೆ 0~20250701 ಎಂದು ಬರೆಯುವುದು, ಮುಂದೆಂದಾದರೂ 1.0ಕ್ಕೆ ಬದಲಾಯಿಸಬಹುದು. ಈಗಾಗಲೇ ಸಿಕ್ಕಿಕೊಂಡಿದ್ದರೆ ಇಪಾಕ್ ಎಂಬ ಉಪಾಯವಿದೆ, 1:1.0 ಎಂದು ಬರೆದರೆ ಹಿಂದಿನ ಎಲ್ಲಕ್ಕಿಂತ ದೊಡ್ಡದಾಗುತ್ತದೆ. ಆದರೆ ಆ ‘1:’ ಆಮೇಲೆ ಎಂದಿಗೂ ಹೋಗುವುದಿಲ್ಲ. ಅನುಮಾನವಿದ್ದರೆ ಡಿಪಿಕೆಜಿ --ಕಂಪೇರ್-ವರ್ಷನ್ಸ್ ಕೇಳಿ.

ಡಿಪೆಂಡ್ಸ್‌ಗೂ ರೆಕಮೆಂಡ್ಸ್‌ಗೂ ಏನು ಹಾಕಬೇಕು? ಡಿಪೆಂಡ್ಸ್ ಕಟ್ಟುನಿಟ್ಟು: ಅದರಲ್ಲಿ ಒಂದು ಸಿಗದಿದ್ದರೂ ನಿಮ್ಮ ಪ್ಯಾಕೇಜ್ ಇನ್‌ಸ್ಟಾಲ್ ಆಗದು, ಒಂದನ್ನು ಯಾರಾದರೂ ತೆಗೆದರೆ ನಿಮ್ಮ ಪ್ಯಾಕೇಜೂ ಜೊತೆಗೇ ಹೋಗುತ್ತದೆ. ರೆಕಮೆಂಡ್ಸ್‌ನಲ್ಲಿ ಇರುವುದನ್ನು ಆಪ್ಟ್ ಸಾಮಾನ್ಯವಾಗಿ ತರುತ್ತದೆ, ಆದರೆ ಬೇಡವೆಂದವರು ತೆಗೆಯಬಹುದು. ಆದ್ದರಿಂದ ಕನ್ನಡ ಓದಲು ಬರೆಯಲು ಬೇಕಾದ್ದು ಡಿಪೆಂಡ್ಸ್‌ನಲ್ಲಿ, ದೊಡ್ಡ ಅಪ್ಲಿಕೇಶನ್‌ಗಳು ರೆಕಮೆಂಡ್ಸ್‌ನಲ್ಲಿ ಇರಲಿ. ಫಾಂಟ್ಸ್-ಕೆಎನ್‌ಡಿಎ ಎಂಬುದೂ ಒಂದು ಮೆಟಾಪ್ಯಾಕೇಜೇ, ಗುಬ್ಬಿ, ನವಿಲು ಫಾಂಟ್‌ಗಳನ್ನು ಅದು ಎಳೆದು ತರುತ್ತದೆ. ಐಬಸ್-ಎಂ17ಎನ್ ಬಂದರೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಕೀಬೋರ್ಡ್ ವಿನ್ಯಾಸ ಸಿಗುತ್ತವೆ. ಇಂತಿಷ್ಟು ವರ್ಷನ್ ಬೇಕೆಂದರೆ ಕಂಸದಲ್ಲಿ >= ಹಾಕಿ ಬರೆಯಿರಿ. ಅದಕ್ಕಿಂತ ಹೊಸದೇ ಬೇಕಾದರೆ >> ಎಂದು ಎರಡು ಗುರುತು ಬೇಕು. ಒಂಟಿ > ಹಳೆಯ ಬಗೆ, ಅದರ ಅರ್ಥ ನೀವಂದುಕೊಂಡದ್ದಲ್ಲ.

ಸೆಕ್ಷನ್ ಸಾಲು ಕಡ್ಡಾಯವಲ್ಲ, ಆದರೂ ಬಿಡಬೇಡಿ. ಮೆಟಾಪ್ಯಾಕೇಜಸ್ ಎಂದು ಅಲ್ಲಿ ಬರೆದಿದ್ದರೆ, ನಾಳೆ ಯಾರೋ ನಿಮ್ಮ ಪ್ಯಾಕೇಜನ್ನು ತೆಗೆದು ಆಟೋರಿಮೂವ್ (ಇನ್ನು ಬೇಡವಾದ ಪ್ಯಾಕೇಜ್ ತೆಗೆಯುವ ಕಮಾಂಡ್) ಓಡಿಸಿದರೂ ಅದು ತಂದ ಪ್ರೋಗ್ರಾಂಗಳು ಉಳಿಯುವಂತೆ ಆಪ್ಟ್ ನೋಡಿಕೊಳ್ಳುತ್ತದೆ. ಇನ್‌ಸ್ಟಾಲರ್‌ನಲ್ಲಿ ಕನ್ನಡ ಆರಿಸಿದಾಗ ಬರುವ ಟಾಸ್ಕ್-ಕನ್ನಡ, ಟಾಸ್ಕ್-ಕನ್ನಡ-ಡೆಸ್ಕ್‌ಟಾಪ್ ಕೂಡ ಇದೇ ಜಾತಿಯವು. ಆಪ್ಟ್ ಶೋ ಕೊಟ್ಟು ಅವುಗಳ ವಿವರ ನೋಡಿದರೆ ಒಳ್ಳೆಯ ಮಾದರಿ ಸಿಗುತ್ತದೆ.

ಈಗ ಕಟ್ಟಿ: ಡಿಪಿಕೆಜಿ-ಡೆಬ್ --ಬಿಲ್ಡ್ --ರೂಟ್-ಓನರ್-ಗ್ರೂಪ್ ಗಣಕ-ಲ್ಯಾಬ್ ಎಂದು ಬರೆದು ಕೊನೆಗೊಂದು ಚುಕ್ಕಿ. ಚುಕ್ಕಿ ಹಾಕಿದರೆ ಹೆಸರು, ವರ್ಷನ್, ಆರ್ಕಿಟೆಕ್ಚರ್ ಸೇರಿಸಿ ಫೈಲಿಗೆ ತಾನೇ ಹೆಸರಿಡುತ್ತದೆ. ರೂಟ್-ಓನರ್-ಗ್ರೂಪ್ ಮರೆತರೆ ಒಳಗಿನ ಫೈಲ್‌ಗಳು ನಿಮ್ಮ ಸ್ವಂತ ಯೂಸರ್ ಐಡಿಯಲ್ಲೇ ಎಲ್ಲ ಯಂತ್ರಕ್ಕೂ ಹೋಗುತ್ತವೆ. ಪೋಸ್ಟ್‌ಇನ್ಸ್ಟ್‌ನಂಥ (ಇನ್‌ಸ್ಟಾಲ್ ಆದ ಮೇಲೆ ಓಡುವ) ಸ್ಕ್ರಿಪ್ಟ್ ಸೇರಿಸಿದ್ದರೆ ಅದರ ಪರ್ಮಿಷನ್ 0755 ಮಾಡಿ, 0644 ಇದ್ದರೆ ಕಟ್ಟಲು ಒಪ್ಪುವುದಿಲ್ಲ. ಹುಟ್ಟಿದ ಡೆಬ್ ಫೈಲನ್ನು ಡಿಪಿಕೆಜಿ-ಡೆಬ್ --ಇನ್ಫೋ ಇಂದ ಒಮ್ಮೆ ಓದಿ, ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಓಡಿಸಿ. ಪರೀಕ್ಷೆಗೆ ಆಪ್ಟ್ ಇನ್‌ಸ್ಟಾಲ್ ಎಂದು ಫೈಲ್ ಹೆಸರಿಗೆ ಮೊದಲು ಚುಕ್ಕಿ-ಸ್ಲ್ಯಾಶ್ ಹಾಕಿ ಕೊಡಿ. ಅದಿಲ್ಲದಿದ್ದರೆ ಆಪ್ಟ್ ಅದನ್ನು ಫೈಲ್ ಎಂದುಕೊಳ್ಳದೆ ರೆಪಾಸಿಟರಿಯಲ್ಲಿ (ಪ್ಯಾಕೇಜ್‌ಗಳ ಸಂಗ್ರಹದಲ್ಲಿ) ಹುಡುಕುತ್ತದೆ. ಡಿಪಿಕೆಜಿ -ಐ ಬೇಡ, ಅದಕ್ಕೆ ಅವಲಂಬನೆಗಳನ್ನು ತರಲು ಬರುವುದಿಲ್ಲ.

ಇಪ್ಪತ್ತು ಯಂತ್ರಕ್ಕೆ ಹಂಚಲು ಇನ್ನೂ ಮೂರು ಫೈಲ್ ಬೇಕು. ಡೆಬ್ ಫೈಲನ್ನು ಸರ್ವರ್‌ನ /ಎಸ್‌ಆರ್‌ವಿ/ಲ್ಯಾಬ್‌ನಲ್ಲಿಡಿ, ಹೋಮ್ ಡೈರೆಕ್ಟರಿಯಲ್ಲಿ ಬೇಡ. ಅಲ್ಲಿ ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್ --ಮಲ್ಟಿವರ್ಷನ್ ಓಡಿಸಿ, ಬಂದದ್ದನ್ನು ಪ್ಯಾಕೇಜಸ್ ಎಂಬ ಫೈಲಿಗೆ ತುಂಬಿ. ಇದು ಪ್ರತಿ ಡೆಬ್‌ನ ಕಂಟ್ರೋಲ್ ನಕಲು, ಅದಕ್ಕೆ ಫೈಲಿನ ಜಾಗ, ಗಾತ್ರ, ಎಸ್‌ಎಚ್‌ಎ256 ಮೊತ್ತ (ಫೈಲ್ ಬದಲಾಗಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಸೇರಿರುತ್ತದೆ. ಮಲ್ಟಿವರ್ಷನ್ ಹಾಕದಿದ್ದರೆ ಅತಿ ಹೊಸದೊಂದೇ ಪಟ್ಟಿಗೆ ಬರುತ್ತದೆ. ಆಮೇಲೆ ಆಪ್ಟ್-ಎಫ್‌ಟಿಪಿಆರ್ಕೈವ್ ರಿಲೀಸ್ ಓಡಿಸಿ ರಿಲೀಸ್ ಫೈಲ್ ಮಾಡಿ. ಅದನ್ನು ಬೇರೆ ಡೈರೆಕ್ಟರಿಯಲ್ಲಿ ಬರೆದು ಆಮೇಲೆ ಇಲ್ಲಿಗೆ ತನ್ನಿ, ಇಲ್ಲವಾದರೆ ಅದು ತನ್ನನ್ನೇ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಕೊನೆಗೆ ಜಿಪಿಜಿ --ಕ್ಲಿಯರ್‌ಸೈನ್ ಇಂದ ಸಹಿ ಮಾಡಿ ಇನ್‌ರಿಲೀಸ್ ಎಂದು ಉಳಿಸಿ. ಈ ಕ್ರಮ ತಪ್ಪಬಾರದು. ಪ್ಯಾಕೇಜಸ್ ಬದಲಾಗಿ ರಿಲೀಸ್ ಹಳೆಯದೇ ಉಳಿದರೆ ಮೊತ್ತ ತಾಳೆಯಾಗದೆ ಹ್ಯಾಶ್ ಸಮ್ ಮಿಸ್‌ಮ್ಯಾಚ್ ಬರುತ್ತದೆ. ನೆಟ್‌ವರ್ಕ್ ಸರಿಯಿಲ್ಲವೆಂದು ಕೇಬಲ್ ಅಲ್ಲಾಡಿಸುವ ಮೊದಲು ಇದನ್ನು ನೋಡಿ.

ಹಂಚಲು ಪೈಥಾನ್‌ನ ಎಚ್‌ಟಿಟಿಪಿ.ಸರ್ವರ್ ಸಾಕು, ಪೋರ್ಟ್ 8000. ಇನ್‌ಸ್ಟಾಲರ್‌ಗೆ ಕೊಡುವ ಪ್ರಿಸೀಡ್ ಫೈಲಿನಲ್ಲಿ (ಅದು ಕೇಳುವ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳು) ಮೂರು ಸಾಲು: ಆಪ್ಟ್-ಸೆಟಪ್/ಲೋಕಲ್0/ರೆಪಾಸಿಟರಿಗೆ ಸರ್ವರ್‌ನ ವಿಳಾಸ, ನಂತರ ಸ್ಪೇಸ್, ಚುಕ್ಕಿ, ಸ್ಲ್ಯಾಶ್, ಆಪ್ಟ್-ಸೆಟಪ್/ಲೋಕಲ್0/ಕೀಗೆ ಸಹಿಯನ್ನು ತಾಳೆ ನೋಡುವ ಪಬ್ಲಿಕ್ ಕೀಯ ವಿಳಾಸ, ಪಿಕೆಜಿಸೆಲ್/ಇನ್‌ಕ್ಲೂಡ್‌ಗೆ ಗಣಕ-ಲ್ಯಾಬ್. ಈ ಸಾಲುಗಳಲ್ಲಿ ಬರುವ ಸ್ಟ್ರಿಂಗ್ ಎಂಬ ಪದಕ್ಕೂ ಅದರ ಮುಂದೆ ನೀವು ಕೊಡುವ ಬೆಲೆಗೂ (ವಿಳಾಸ ಅಥವಾ ಹೆಸರು) ನಡುವೆ ಒಂದೇ ಒಂದು ಸ್ಪೇಸ್ ಇರಬೇಕು. ಸಾಲಾಗಿ ಕಾಣಲೆಂದು ಎರಡು ಹಾಕಿದರೆ ಎರಡನೆಯದು ಬೆಲೆಯ ಭಾಗವೇ ಆಗಿಬಿಡುತ್ತದೆ, ಕಣ್ಣಿಗೂ ಕಾಣದು. ಇನ್‌ಸ್ಟಾಲ್ ಆಗುತ್ತಿರುವಾಗ ಆಲ್ಟ್ ಎಫ್4 ಒತ್ತಿದರೆ ಲಾಗ್ ಕಾಣುತ್ತದೆ (ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಕಂಟ್ರೋಲ್ ಕೀಯನ್ನೂ ಸೇರಿಸಿ). ಮುಗಿದ ಮೇಲಾದರೆ /ವಾರ್/ಲಾಗ್/ಇನ್‌ಸ್ಟಾಲರ್/ಸಿಸ್‌ಲಾಗ್ ನೋಡಿ.

ಮುಂದಿನ ವರ್ಷ ಹೊಸ ಪ್ರೋಗ್ರಾಂ ಸೇರಿಸಲು ಡಿಪೆಂಡ್ಸ್ ತಿದ್ದಿ, ವರ್ಷನ್ 1.1 ಮಾಡಿ, ಪ್ಯಾಕೇಜಸ್, ರಿಲೀಸ್, ಸಹಿ ಮೂರನ್ನೂ ಮತ್ತೆ ಮಾಡಿ. ಅದೇ ವರ್ಷನ್‌ನಲ್ಲಿ ಬೇರೆ ಫೈಲ್ ಹಂಚಬೇಡಿ. ಯಂತ್ರಗಳಲ್ಲಿ ಆಪ್ಟ್-ಗೆಟ್ ಅಪ್‌ಗ್ರೇಡ್ ಕೊಟ್ಟರೆ ಗಣಕ-ಲ್ಯಾಬ್ ಹಿಂದೆ ಉಳಿಯಿತು ಎಂದು ಹೇಳಿ ಸುಮ್ಮನಾಗುತ್ತದೆ, ಹೊಸ ಪ್ಯಾಕೇಜ್ ತರುವುದು ಅದರ ಕೆಲಸವಲ್ಲ. ಆಪ್ಟ್ ಅಪ್‌ಗ್ರೇಡ್ ತರುತ್ತದೆ. ರಾತ್ರೋರಾತ್ರಿ ತಾನಾಗಿಯೇ ಆಗಲೆಂದು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ನಂಬಿದ್ದರೆ, ರಿಲೀಸ್ ಫೈಲಿನಲ್ಲಿ ಒರಿಜಿನ್ ಎಂಬ ಸಾಲಿಗೆ ಲ್ಯಾಬ್‌ನ ಹೆಸರು ಕೊಟ್ಟು, ಅದೇ ಹೆಸರನ್ನು ಪ್ರತಿ ಯಂತ್ರದ ಅನುಮತಿ ಪಟ್ಟಿಗೂ ಸೇರಿಸಿ. ಪಟ್ಟಿಯಲ್ಲಿಲ್ಲದ ರೆಪಾಸಿಟರಿಯನ್ನು ಅದು ಮುಟ್ಟುವುದಿಲ್ಲ.