ಮಾತಿಲ್ಲದ ಹುಡುಗನ ಪ್ರಥಮ ಪರಮಪ್ರಸಾದ: ನಾನು ತಯಾರಿ ಮಾಡಿಸಿದ ಬಗೆ

ಬೆಂಗಳೂರಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) ಭಾನುವಾರದ ಧರ್ಮೋಪದೇಶ ತರಗತಿ ನಡೆಸುತ್ತೇನೆ. ವಾರದ ದಿನಗಳಲ್ಲಿ ವಿಶೇಷ ಮಕ್ಕಳ ಶಾಲೆಯಲ್ಲಿ ಕೆಲಸ. ಹಾಗಾಗಿ ಆಟಿಸಂ ಇರುವ ಮಕ್ಕಳನ್ನು ಪರಮಪ್ರಸಾದಕ್ಕೆ, ಅಂದರೆ ಬಲಿಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಕೊಡುವ ರೊಟ್ಟಿ ಸ್ವೀಕರಿಸಲಿಕ್ಕೆ, ತಯಾರು ಮಾಡುವುದು ತಾನಾಗಿಯೇ ನನ್ನ ಪಾಲಿಗೆ ಬಂತು. ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಒಬ್ಬ ಹುಡುಗನ ಬಗ್ಗೆ. ಅವನಿಗೆ ಮಾತಿಲ್ಲ, ಆದರೆ ಕಿವಿ ಬಹಳ ಚುರುಕು.

ಅವನ ಅಮ್ಮ ಮೊದಲು ಹೇಳಿದ್ದೇ, "ಟೀಚರ್, ಇವನಿಗೆ ನಮೋ ಮರಿಯ ಪ್ರಾರ್ಥನೆ ಕೂಡ ಹೇಳೋಕೆ ಬರಲ್ಲ, ನಿಮಗೆ ಸುಮ್ನೆ ಯಾಕೆ ತೊಂದರೆ" ಅಂತ. ಬೇರೆ ಕಡೆ ಯಾರೋ ಅವರಿಗೆ, "ಇಂಥ ಮಗು ದೇವದೂತನ ಹಾಗೆ, ಅದಕ್ಕೆ ಪರಮಪ್ರಸಾದ ಯಾಕೆ" ಎಂದಿದ್ದರಂತೆ. ಕೇಳೋಕೆ ಹೊಗಳಿಕೆ ಥರ ಇದೆ, ಆದರೆ ಹೊರಗೆ ನಿಲ್ಲಿಸುವ ಮಾತೇ ಅಲ್ವಾ ಅದು? ಧರ್ಮಸಭೆಯ ಕಾನೂನು ಹಾಗೆ ಹೇಳುವುದಿಲ್ಲ. ಮಕ್ಕಳು ದೊಡ್ಡವರಾಗುವ ತನಕ ಕಾಯಿಸುವ ರೂಢಿಯನ್ನು 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಮುರಿದು, ಸುಮಾರು ಏಳು ವರ್ಷ ಸಾಕು ಎಂದರು. 1983ರ ಕಾನೂನು ಸಂಹಿತೆ ಕೇಳುವುದು ಮಗು ತನ್ನ ಶಕ್ತಿಗೆ ತಕ್ಕಂತೆ ಅರಿತಿರಬೇಕು, ಭಕ್ತಿಯಿಂದ ಸ್ವೀಕರಿಸಬೇಕು ಅಂತ ಮಾತ್ರ. ಬಾಯಿಪಾಠದ ಪರೀಕ್ಷೆ ನಾವು ಸೇರಿಸಿಕೊಂಡದ್ದು. ಆರ್ಥೊಡಾಕ್ಸ್ ಸಭೆಗಳಲ್ಲಿ ದೀಕ್ಷಾಸ್ನಾನವಾದ ಹಸುಗೂಸಿಗೂ ಕೊಡುತ್ತಾರೆ, ಆ ಕೂಸು ಯಾವ ಮಂತ್ರ ಹೇಳುತ್ತೆ ಹೇಳಿ?

ಕೆಲಸ ಶುರು ಮಾಡಿದ್ದು ಚಿತ್ರಗಳಿಂದ. ಇಂಟರ್‌ನೆಟ್‌ನಲ್ಲಿ ಸಿಗುವ ಚೆಂದದ ಚಿತ್ರಗಳು ಇವನಿಗೆ ಬೇಡ. ನಮ್ಮದೇ ಚರ್ಚಿನ ಬಾಗಿಲು, ನಮ್ಮದೇ ಬೆಂಚು, ನಮ್ಮದೇ ಫಾದರ್ ಬೇಕು. ಮೊಬೈಲ್‌ನಲ್ಲಿ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಹಿಂದೆ ವೆಲ್ಕ್ರೋ ಅಂಟಿಸಿ ಒಂದು ಉದ್ದನೆ ಪಟ್ಟಿ ಮಾಡಿದೆ. ಪೂಜೆಯ ಒಂದೊಂದು ಹಂತ ಮುಗಿದಂತೆ ಅವನೇ ಆ ಫೋಟೋ ಕಿತ್ತು ಚೀಲಕ್ಕೆ ಹಾಕುತ್ತಾನೆ. ಇನ್ನೆಷ್ಟು ಬಾಕಿ ಅಂತ ಕಣ್ಣಿಗೆ ಕಾಣುತ್ತದೆ. ಪ್ರಬೋಧನೆಗೆ (ಪೂಜೆಯ ನಡುವೆ ಫಾದರ್ ಮಾಡುವ ಉಪದೇಶಕ್ಕೆ) ಮಾತ್ರ ಪಕ್ಕದಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದೆ, ಎದ್ದು ಅಂಗಳದಲ್ಲಿ ಓಡಾಡಿ ಬರಲಿಕ್ಕೆ. (ಪ್ರಬೋಧನೆ ಉದ್ದವಾದರೆ ನನಗೂ ಅಂಥದ್ದೊಂದು ಜಾಗ ಬೇಕು ಅನ್ನಿಸುತ್ತೆ.)

ನಿಜವಾದ ಕಷ್ಟ ಇದ್ದದ್ದು ರೊಟ್ಟಿಯಲ್ಲಿ. ಆ ತೆಳು ಗೋಧಿ ರೊಟ್ಟಿ ನಾಲಿಗೆ ಮೇಲೆ ಕಾಗದದ ಹಾಗಿದ್ದು, ಆಮೇಲೆ ನೆನೆದು ಅಂಗುಳಕ್ಕೆ ಅಂಟಿಕೊಳ್ಳುತ್ತದಲ್ಲ, ಆ ಅಂಟು ಅವನಿಗೆ ಆಗದು. ಬೆರಳು ಹಾಕಿ ಕೆರೆದು ತೆಗೆದು ನೆಲಕ್ಕೆ ಒರೆಸುತ್ತಿದ್ದ. ಪರಮಪ್ರಸಾದವನ್ನು ಹಾಗೆ ಮಾಡಿದರೆ ಸುತ್ತಲಿನವರ ಗತಿ ಏನು! ಫಾದರ್ ಹತ್ತಿರ ಕೇಳಿ, ಬಲಿಪೂಜೆಗೆ ಇಡದ ಬರೀ ರೊಟ್ಟಿ ತಂದು ತರಗತಿಯಲ್ಲಿ ಅಭ್ಯಾಸ ಮಾಡಿಸಿದೆ. ಮೊದಲು ಕೈಯಲ್ಲಿ ಹಿಡಿಯುವುದು ಅಷ್ಟೇ. ಆಮೇಲೆ ತುಟಿಗೆ ಮುಟ್ಟಿಸುವುದು. ಆಮೇಲೆ ಉಗುರಿನಷ್ಟು ಚೂರು, ಹಿಂದೆಯೇ ಒಂದು ಗುಟುಕು ನೀರು. ಚೂರು ಚಿಕ್ಕದಾದರೆ ಪರಮಪ್ರಸಾದವೂ ಅರ್ಧ ಆಗುತ್ತದಾ ಅಂತ ಅವರಪ್ಪ ಕೇಳಿದರು. ಇಲ್ಲ, ಎಷ್ಟೇ ಸಣ್ಣ ತುಣುಕಿನಲ್ಲೂ ಕ್ರಿಸ್ತರು ಪೂರ್ತಿಯಾಗಿ ಇದ್ದಾರೆ ಎಂಬುದೇ ನಮ್ಮ ವಿಶ್ವಾಸ. ರೊಟ್ಟಿ ಒಗ್ಗಲೇ ಇಲ್ಲ ಅಂದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲಿಕ್ಕೂ ಕಾನೂನಿನಲ್ಲಿ ಜಾಗ ಇದೆ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಆದರೆ ಇಲ್ಲೊಂದು ಪೇಚು. ಅಭ್ಯಾಸದ ರೊಟ್ಟಿ, ಪೀಠದ ರೊಟ್ಟಿ ನೋಡಲಿಕ್ಕೆ ಒಂದೇ. ಎರಡೂ ಬೇರೆ ಅಂತ ಮಾತಿಲ್ಲದೆ ತಿಳಿಸುವುದು ಹೇಗೆ? ನಾನು ಸಾಮಾನುಗಳನ್ನೇ ಬೇರೆ ಮಾಡಿದೆ. ಅಭ್ಯಾಸ ಸ್ಟೀಲ್ ತಟ್ಟೆಯಲ್ಲಿ, ತರಗತಿಯ ಮೇಜಿನ ಮೇಲೆ, ಕೂತುಕೊಂಡು. ಯೇಸುಸ್ವಾಮಿಯ ಫೋಟೋ ಆ ಮೇಜಿಗೆ ಬರುವುದೇ ಇಲ್ಲ, ಅದು ಚರ್ಚಿನೊಳಗೆ, ಪಟ್ಟಿಯ ಕೊನೆಯಲ್ಲಿ ಮಾತ್ರ. ಅಲ್ಲಿ ನಿಂತುಕೊಂಡು, ಎಡಗೈ ಮೇಲೆ, ಬಲಗೈ ಕೆಳಗೆ. ಕೆಲವು ತಿಂಗಳಾದ ಮೇಲೆ ನೋಡಿದ್ದು ಇದು: ತರಗತಿಯಲ್ಲಿ ತಟ್ಟೆಗೆ ಒಂದೇ ಕೈ ಹಾಕಿ ಬಿಸ್ಕತ್ತಿನ ಹಾಗೆ ಎತ್ತಿಕೊಳ್ಳುವವನು, ಅಮ್ಮ ಪ್ರಸಾದ ತೆಗೆದುಕೊಳ್ಳಲು ಹೋದಾಗ ಅವರ ಹಿಂದೆ ನಿಂತು ಯಾರೂ ಹೇಳದೆ ಎರಡೂ ಕೈ ಒಂದರ ಮೇಲೊಂದು ಇಟ್ಟುಕೊಂಡ. ಫಾದರ್‌ಗೂ ತೋರಿಸಿದೆ. "ಇನ್ನೇನು ಬೇಕು ಟೀಚರ್, ದಿನ ಗೊತ್ತು ಮಾಡಿ" ಎಂದರು.

ಗೊತ್ತು ಮಾಡಿದ್ದು ಗುರುವಾರ ಬೆಳಗಿನ ಪೂಜೆಗೆ. ಮೈಕ್ ಇಲ್ಲ, ಗಾನವೃಂದ ಇಲ್ಲ, ಧೂಪ ಇಲ್ಲ. ಗಂಟೆಯನ್ನು ಮೆಲ್ಲಗೆ ಬಾರಿಸಲು ಪೀಠಬಾಲಕನಿಗೆ ಹೇಳಿದ್ದೆವು. ಉಳಿದ ಮಕ್ಕಳ ಜೊತೆ ಬೇಡವಾ ಅಂತ ಅಜ್ಜಿಗೆ ಬೇಜಾರಾಯಿತು. ಬೈಬಲ್‌ನಿಂದ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ ಓದಿ ಹೇಳಿದೆ. ಕಿವಿ ಕೇಳದ, ಮಾತು ತೊದಲುವ ಮನುಷ್ಯನನ್ನು ಯೇಸು ಮೊದಲು ಗುಂಪಿನಿಂದ ಆಚೆ ಕರೆದುಕೊಂಡು ಹೋಗುತ್ತಾರೆ. ಗುಣಪಡಿಸಿದ ಕಥೆ ಅಂತಲೇ ಎಲ್ಲರೂ ಅದನ್ನು ಹೇಳುತ್ತಾರೆ, ನನಗೆ ಮಾತ್ರ ಆ ಆಚೆ ಕರೆದುಕೊಂಡು ಹೋದದ್ದೇ ಕಣ್ಣಿಗೆ ಬೀಳುತ್ತದೆ. ಈ ಕುಟುಂಬವನ್ನು ಸ್ವಸ್ಥತೆಯ ಕೂಟಗಳಿಗೆ ಕರೆದೊಯ್ದು, ಮಗುವಿನ ತಲೆ ಹಿಡಿದು, ಕಿವಿಯ ಹತ್ತಿರವೇ ಕಿರುಚಿ ಪ್ರಾರ್ಥನೆ ಮಾಡಿದವರೂ ಇದ್ದಾರೆ. ಪ್ರಾರ್ಥನೆ ಬೇಡ ಅನ್ನುತ್ತಿಲ್ಲ. ಶಬ್ದಕ್ಕೆ ಹೆದರುವ ಮಗುವಿನ ಮೇಲೆ ಶಬ್ದ ಸುರಿದರೆ ಅದಕ್ಕೆ ಏನನ್ನಿಸಬೇಡ?

ಬಟ್ಟೆ ವಿಷಯ ಚಿಕ್ಕದು, ಆದರೂ ಹೇಳುತ್ತೇನೆ. ಬಿಳಿ ಹೊಸ ಅಂಗಿಯನ್ನು ನಾಲ್ಕಾರು ಸಲ ಒಗೆದು, ಕಾಲರ್ ಹಿಂದಿನ ಲೇಬಲ್ ಕತ್ತರಿಸಿ, ಮನೆಯಲ್ಲಿ ಮೊದಲೇ ತೊಡಿಸಿ ಅಭ್ಯಾಸ ಮಾಡಿಸಿ. ಶೂ ಬೇಡ ಅಂದರೆ ಬೇಡ, ಬರಿಗಾಲಲ್ಲಿ ದೇವರ ಮುಂದೆ ನಿಲ್ಲುವುದು ನಮ್ಮೂರಿನಲ್ಲಿ ತಪ್ಪೇನಲ್ಲ.

ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವಾಗ ಕೈಕುಲುಕುವ ಕಾಟವೂ ನಮಗಿಲ್ಲ. ಭಾರತದ ಪೂಜಾವಿಧಿಗೆಂದು 1969ರಲ್ಲಿ ರೋಮ್ ಒಪ್ಪಿದ 12 ಅಂಶಗಳಲ್ಲಿ ಕೈಮುಗಿದು ಶಾಂತಿ ಹೇಳುವುದೂ ಸೇರಿದೆ. ಮುಟ್ಟಿಸಿಕೊಳ್ಳಲು ಆಗದ ಮಗುವಿಗೆ ಇದಕ್ಕಿಂತ ಒಳ್ಳೆಯ ವಂದನೆ ಇದೆಯಾ?

ಆ ಗುರುವಾರ ಫಾದರ್ "ಕ್ರಿಸ್ತರ ಶರೀರ" ಎಂದಾಗ ಅವನು ಎದೆ ತಟ್ಟಿಕೊಂಡ. ಅದು ಅವನ ಆಮೆನ್, ಮೊದಲೇ ಮಾತಾಡಿಕೊಂಡದ್ದು. ಚೂರು ಬಾಯಿಗೆ ಹೋಯಿತು, ನೀರು ಕುಡಿದ, ಕೊನೆಯ ಫೋಟೋ ಕಿತ್ತು ಚೀಲಕ್ಕೆ ಹಾಕಿದ, ಮನೆಗೆ ಹೊರಡಲು ಬಾಗಿಲ ಕಡೆ ಓಡಿದ. ಕೊನೆಯ ಆಶೀರ್ವಾದವನ್ನು ಅಮ್ಮ ಹೊಸ್ತಿಲಲ್ಲೇ ತೆಗೆದುಕೊಂಡರು.

ಈಗ ಫಾದರ್‌ಗೆ ವರ್ಗಾವಣೆಯಾಗಿದೆ. ಹೊಸಬರಿಗೆ ಗಡ್ಡ ಇದೆ, ಧ್ವನಿಯೂ ಸ್ವಲ್ಪ ದೊಡ್ಡದು. ಅವರ ಫೋಟೋ ತೆಗೆದಾಯಿತು, ಲ್ಯಾಮಿನೇಟ್ ಮಾಡಿಸಬೇಕು. "ಕ್ರಿಸ್ತರ ಶರೀರ" ಎನ್ನುವುದನ್ನು ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಅಮ್ಮನ ಮೊಬೈಲ್‌ಗೆ ಕಳಿಸಿದ್ದೇನೆ. ಮನೆಯಲ್ಲಿ ಸಣ್ಣ ವಾಲ್ಯೂಮ್‌ನಲ್ಲಿ ಕೇಳಿಸುತ್ತಿದ್ದಾರೆ.