ಕಪ್ಪು ನೇಮ್‌ಟ್ಯಾಗ್ ಹಾಕಿಕೊಂಡು ಲಗೂನಾದಲ್ಲಿ: ನನ್ನ ಮಿಷನ್ ದಿನಗಳು

ಫಿಲಿಪ್ಪೀನ್ಸ್‌ನಲ್ಲಿ ಗೇಟು ತೆಗೆದು ಒಳಗೆ ಹೋಗಿ ಬಾಗಿಲು ತಟ್ಟುವ ಹಾಗಿಲ್ಲ. ಹೊರಗೇ ನಿಂತು ‘ತಾವೊ ಪೋ!’ ಅಂತ ಕೂಗಬೇಕು, ನಮ್ಮ ‘ಯಾರಿದ್ದೀರಿ ಮನೇಲಿ?’ ಇದ್ದ ಹಾಗೆ. ಒಳಗಿಂದ ಯಾರಾದರೂ ಇಣುಕುವವರೆಗೆ ಕಾಯಬೇಕು. ಮಿಷನ್ ಸೇವೆಯಲ್ಲಿ, ಅಂದರೆ ಚರ್ಚಿನ ಪರವಾಗಿ ಧರ್ಮಪ್ರಚಾರಕ್ಕೆ ಹೋದ ದಿನಗಳಲ್ಲಿ, ನನ್ನ ಬಾಯಿಂದ ಅತಿ ಹೆಚ್ಚು ಸಲ ಹೊರಟ ಮಾತು ಇದೇ ಇರಬೇಕು. ಪ್ರಾರ್ಥನೆಗಿಂತಲೂ ಜಾಸ್ತಿ.

ನಾನು ಹೋದದ್ದು ಜನ ‘ಮಾರ್ಮನ್’ ಅಂತ ಕರೆಯುವ ಚರ್ಚಿನಿಂದ. ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಪೂರ್ತಿ ಹೆಸರನ್ನೇ ಬಳಸಿ ಅಂತ 2018ರಲ್ಲಿ ಚರ್ಚಿನ ಹಿರಿಯರು ಒತ್ತಿ ಹೇಳಿದರು. ಬಿಸಿಲಲ್ಲಿ ನಿಂತು ಅಷ್ಟುದ್ದ ಹೇಳುವಷ್ಟರಲ್ಲಿ ಕೇಳುವವರ ತಾಳ್ಮೆ ಮುಗಿದಿರುತ್ತದೆ, ಅದು ಬೇರೆ ಮಾತು. ಹುಡುಗರಿಗೆ 2 ವರ್ಷದ ಸೇವೆ, ಹುಡುಗಿಯರಿಗೆ 18 ತಿಂಗಳು. ದೇಶವನ್ನು ನಾವು ಆರಿಸುವುದಿಲ್ಲ. ಎಲ್ಲಿಗೆ ಅಂತ ಅವರೇ ತಿಳಿಸುತ್ತಾರೆ, ನಾವು ಹೋಗುತ್ತೇವೆ. ಸಂಬಳ ಇಲ್ಲ. ನಮ್ಮ ಮನೆಯವರು ಶಕ್ತಿ ಇದ್ದಷ್ಟು ಕೊಟ್ಟರು, ಕಡಿಮೆ ಬಿದ್ದದ್ದನ್ನು ಚರ್ಚಿನ ನಿಧಿ ತುಂಬಿತು.

ಹುಡುಗರನ್ನು ‘ಎಲ್ಡರ್’ ಅಂತಾರೆ, ನಮ್ಮನ್ನು ‘ಸಿಸ್ಟರ್’. ಅದರ ಮುಂದೆ ಮನೆತನದ ಹೆಸರು ಬರಬೇಕು. ನನಗೆ ಅಂಥದ್ದೇನೂ ಇಲ್ಲ, ಪಾಸ್‌ಪೋರ್ಟಿನ ಆ ಜಾಗದಲ್ಲಿ ಇರುವುದು ಅಪ್ಪನ ಹೆಸರು. ಹಾಗಾಗಿ ಕಪ್ಪು ನೇಮ್‌ಟ್ಯಾಗ್ ಮೇಲೂ ಅದೇ ಬಂತು. ನಾನು ಇದ್ದ ಊರುಗಳೆಲ್ಲ ನನ್ನನ್ನು ಅಪ್ಪನ ಹೆಸರು ಹಿಡಿದೇ ಕರೆದವು. ಅಪ್ಪನಿಗೆ ಇದು ಒಳಗೊಳಗೇ ಖುಷಿ.

ಮೊದಲು ಕ್ವೆಝಾನ್ ಸಿಟಿಯಲ್ಲಿ ತರಬೇತಿ. ನಮ್ಮ ಚರ್ಚಿನ ಮನಿಲಾ ದೇವಾಲಯದ ಎದುರಿಗೇ ತರಬೇತಿ ಕೇಂದ್ರ ಇದೆ. ಅಲ್ಲಿಂದ ಲಗೂನಾ ಪ್ರಾಂತ್ಯಕ್ಕೆ ಕಳಿಸಿದರು. ತೆಂಗಿನ ತೋಟ, ಕೆರೆಗಳು, ಜೀಪಿನಂಥ ಸಣ್ಣ ಬಸ್ಸುಗಳಾದ ಜೀಪ್ನಿಗಳ ಹೊಗೆ.

ದಿನದ ಚೌಕಟ್ಟು ಎಲ್ಲ ಮಿಷನರಿಗಳಿಗೂ ಹೆಚ್ಚು ಕಡಿಮೆ ಒಂದೇ. ಬೆಳಿಗ್ಗೆ 6:30ಕ್ಕೆ ಏಳಬೇಕು, ರಾತ್ರಿ 10:30ಕ್ಕೆ ದೀಪ ಆರಿಸಬೇಕು. ಬೆಳಿಗ್ಗೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಒಬ್ಬರೇ ಓದುವುದು, ಜೊತೆಗಾತಿಯ (ನಾವು ಯಾವಾಗಲೂ ಜೋಡಿಯಾಗಿಯೇ ಇರುವುದು) ಜೊತೆ ಓದುವುದು, ಭಾಷೆ ಕಲಿಯುವುದು. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ನಾವು ರಸ್ತೆಯಲ್ಲಿ. ಪಕ್ಕದ ಮನೆಯ ಹುಂಜಗಳು ನಾಲ್ಕಕ್ಕೇ ಎಬ್ಬಿಸುತ್ತಿದ್ದವು. ರಾತ್ರಿ ಆ ಬೀದಿಯ ವಿಡಿಯೊಕೆ (ಕರೋಕೆ ಹಾಡಿನ) ಯಂತ್ರಕ್ಕೆ 10:30 ಅನ್ನುವ ನಿಯಮ ಯಾರೂ ಹೇಳಿರಲಿಲ್ಲ. ಹುಟ್ಟುಹಬ್ಬ ಇದ್ದರಂತೂ ಕೇಳಲೇಬೇಡಿ.

ಈಗ ನಿಜವಾದ ಕೆಲಸಕ್ಕೆ ಬರುತ್ತೇನೆ. ಫಿಲಿಪ್ಪೀನ್ಸ್ ಜನ ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅನ್ನುವುದಿಲ್ಲ. ನಗುತ್ತಾ ಒಪ್ಪುತ್ತಾರೆ. ‘ನಾಳೆ ಮೂರು ಗಂಟೆಗೆ ಬನ್ನಿ ಸಿಸ್ಟರ್’ ಅನ್ನುತ್ತಾರೆ. ಮೂರು ಗಂಟೆಗೆ ಹೋದರೆ ಮನೆಯಲ್ಲಿ ಅಜ್ಜಿ ಮತ್ತು ಕೋಳಿ ಮಾತ್ರ. ಇದು ಸುಳ್ಳಲ್ಲ, ಮನಸ್ಸು ನೋಯಿಸಬಾರದು ಅನ್ನುವ ಸೌಜನ್ಯ. ಆದರೆ ಒಂದು ಮಧ್ಯಾಹ್ನದಲ್ಲಿ ಮೂರು ಮನೆ ಹೀಗೆ ಕೈಕೊಟ್ಟರೆ ದಿನ ಕೈ ತಪ್ಪುತ್ತದೆ, ಮನಸ್ಸೂ ಕುಗ್ಗುತ್ತದೆ.

ನನ್ನ ಟ್ರೈನರ್, ಅಂದರೆ ಕೆಲಸ ಕಲಿಸಿದ ಮೊದಲ ಜೊತೆಗಾತಿ, ಒಂದು ಪದ್ಧತಿ ಕಲಿಸಿದಳು, ನಾನು ಕೊನೆವರೆಗೂ ಅದನ್ನೇ ಬಳಸಿದೆ. ಒಂದು ದಿನ ಒಂದೇ ಬರಂಗಾಯ್‌ನಲ್ಲಿ ಇರಬೇಕು. ಬರಂಗಾಯ್ ಅಂದರೆ ಅಲ್ಲಿನ ಆಡಳಿತದ ಅತಿ ಚಿಕ್ಕ ಘಟಕ. ಪ್ರತಿ ಭೇಟಿಯ ಜೊತೆಗೆ, ಅವರು ಸಿಗದಿದ್ದರೆ ಅಂತ, ನಡೆದುಹೋಗುವಷ್ಟು ಹತ್ತಿರದ ಇನ್ನೆರಡು ಮನೆ ಬರೆದಿಟ್ಟುಕೊಳ್ಳಬೇಕು. ಜೀಪ್ನಿಯಲ್ಲಿ ಆಗ ಕನಿಷ್ಠ ದರ 13 ಪೆಸೊ, ಕೈತಪ್ಪಿದ ಭೇಟಿಗಳ ಹಿಂದೆ ಓಡಾಡಿದರೆ ತಿಂಗಳ ಖರ್ಚಿನ ದುಡ್ಡು ಬೇಗ ಕರಗುತ್ತದೆ. ದೂರದ ಮನೆಯಿಂದ ಶುರು ಮಾಡಿ ಸಂಜೆ ಹೊತ್ತಿಗೆ ನಮ್ಮ ಮನೆ ಕಡೆಗೆ ಬರಬೇಕು. ಯಾರು ಯಾವಾಗ ಸಿಗುತ್ತಾರೆ ಅಂತ ಗಮನಿಸಬೇಕು. ಟ್ರೈಸಿಕಲ್ (ಪಕ್ಕಕ್ಕೆ ಗಾಡಿ ಕಟ್ಟಿದ ಬಾಡಿಗೆ ಮೋಟಾರ್‌ಸೈಕಲ್) ಓಡಿಸುವವರ ಮನೆಗೆ ಶಾಲೆ ಬಿಡುವ ಹೊತ್ತಿನಲ್ಲಿ ಹೋದರೆ ಏನೂ ಪ್ರಯೋಜನ ಇಲ್ಲ, ಅದು ಅವರ ಗಳಿಕೆಯ ಸಮಯ.

ಯಾವಾಗಲೂ ಸಿಗುವವರು ಅಂದರೆ ಸರಿಸರಿ ಅಂಗಡಿಯವರು. ಮನೆಯ ಮುಂದಿನ ಕಿಟಕಿಯೇ ಅಂಗಡಿ, ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಅಲ್ಲಿ ಪಾಠ ಮಾಡುವುದೂ ಒಂದು ಕಲೆ. ಕ್ಷಮೆಯ ಬಗ್ಗೆ ಮಾತಾಡುತ್ತಿರುವಾಗ ಒಬ್ಬ ಹುಡುಗ ಬಂದು ಒಂದು ಸ್ಯಾಶೆ ಶಾಂಪೂ ಕೇಳುತ್ತಾನೆ. ಅವನು ಹೋಗುತ್ತಿದ್ದಂತೆ ಇನ್ನೊಬ್ಬನಿಗೆ ವಿನೆಗರ್ ಬೇಕು. ನಾನು ಎರಡೆರಡು ನಿಮಿಷಕ್ಕೆ ಮುಗಿಯುವಂತೆ ಮಾತನ್ನು ತುಂಡು ಮಾಡಿಕೊಳ್ಳಲು ಕಲಿತೆ. ಉದ್ದ ಭಾಷಣ ಮಾಡುವ ಚಟ ಇದ್ದವರನ್ನು ಒಂದು ವಾರ ಸರಿಸರಿ ಅಂಗಡಿ ಮುಂದೆ ಕೂರಿಸಬೇಕು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನನಗೆ ಮಾತ್ರ ಇದ್ದ ತೊಡಕು ಒಂದಿತ್ತು. ಅಲ್ಲಿ ಭಾರತೀಯರನ್ನು ‘ಬುಂಬಾಯ್’ ಅಂತಾರೆ. ಬುಂಬಾಯ್ ಅಂದರೆ ಜನರ ಕಣ್ಣಿಗೆ ಬರುವುದು ಮೋಟಾರ್‌ಸೈಕಲ್ ಮೇಲೆ ಬಂದು ಸಾಲದ ಕಂತು ವಸೂಲಿ ಮಾಡುವ ಪಂಜಾಬಿ. ಆ ಸಾಲಕ್ಕೆ ‘ಫೈವ್-ಸಿಕ್ಸ್’ ಅಂತ ಹೆಸರು. ಐದು ತಗೊಂಡರೆ ಆರು ಕೊಡಬೇಕು, ಅಂದರೆ ನೂರಕ್ಕೆ ಇಪ್ಪತ್ತು ಬಡ್ಡಿ. ಬ್ಯಾಂಕು ಹತ್ತಿರ ಸೇರಿಸದ ಸಣ್ಣ ವ್ಯಾಪಾರಿಗಳಿಗೆ ಇದೇ ಆಸರೆ, ಇದೇ ತಲೆನೋವು. ಮಕ್ಕಳು ಹಟ ಮಾಡಿದರೆ ‘ಬುಂಬಾಯ್ ಬಂದು ಎತ್ತಿಕೊಂಡು ಹೋಗ್ತಾನೆ’ ಅಂತ ಹೆದರಿಸುವುದೂ ಉಂಟು.

ಇಂಥ ಊರಿಗೆ ನಾನು ಬ್ಯಾಗು ಹಾಕಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗುವವಳು. ಊಹಿಸಿಕೊಳ್ಳಿ. ಪರದೆ ಸರಿದು ಮುಚ್ಚಿಕೊಳ್ಳುತ್ತಿತ್ತು. ಪುಟ್ಟ ಹುಡುಗಿ ಬಂದು ‘ಅಮ್ಮ ಇಲ್ಲ’ ಅನ್ನುತ್ತಿದ್ದಳು, ಅಮ್ಮನ ಪಾದ ಪರದೆಯ ಕೆಳಗೆ ಕಾಣುತ್ತಿತ್ತು. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ ನಾನೇ ಮೊದಲು ಹೇಳತೊಡಗಿದೆ: ‘ನಾನು ವಸೂಲಿಗೆ ಬಂದವಳಲ್ಲ, ನನ್ನ ಹತ್ತಿರ ಕೊಡೋಕೂ ದುಡ್ಡಿಲ್ಲ!’ ಅಲ್ಲಿನ ಭಾಷೆ ತಗಾಲೊಗ್‌ನಲ್ಲಿ ಇದನ್ನು ಸರಾಗವಾಗಿ ಹೇಳಲು ಅಭ್ಯಾಸ ಮಾಡಿಕೊಂಡೆ. ಒಳಗಿಂದ ನಗು ಕೇಳಿಸುತ್ತಿತ್ತು. ನಕ್ಕವರು ಸಾಮಾನ್ಯವಾಗಿ ಕುರ್ಚಿ ಎಳೆದು ಕೊಡುತ್ತಿದ್ದರು. ಅಮೆರಿಕದ ಸಿಸ್ಟರ್‌ಗಳಿಗೆ ಕುತೂಹಲದ ಸ್ವಾಗತ ಸುಮ್ನೆ ಸಿಗುತ್ತಿತ್ತು, ನಾನು ಅದನ್ನು ತಮಾಷೆ ಮಾಡಿ ಗಳಿಸಬೇಕಿತ್ತು. ಭಾಷೆ ನಾನು ಬೇಗ ಕಲಿತದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಗಟ್ಟಿಯಾಗಿ ಓದಿದ್ದು. ತಗಾಲೊಗ್ ರೋಮನ್ ಲಿಪಿಯಲ್ಲಿ, ಬರೆದಂತೆಯೇ ಓದುವ ಭಾಷೆ. ಅರ್ಥ ಆಗದಿದ್ದರೂ ದಿನಾ ಬೆಳಿಗ್ಗೆ ಒಂದು ಪುಟ ಜೋರಾಗಿ ಓದುತ್ತಿದ್ದೆ. ನಾಲಿಗೆ ಮೊದಲು ಹೊಂದಿಕೊಂಡಿತು, ತಲೆ ಆಮೇಲೆ. ಕ್ರಿಯಾಪದಗಳ ಹಿಂದೆ ಮುಂದೆ ನಡುವೆ ಸೇರುವ ತುಣುಕುಗಳು ಮಾತ್ರ ಕೊನೆವರೆಗೂ ಕಾಡಿದವು. ಅವನ್ನು ತಿದ್ದಿದವರು ಬೀದಿ ಮಕ್ಕಳು. ದೊಡ್ಡವರು ತಪ್ಪನ್ನು ಸಹಿಸಿಕೊಂಡು ತಲೆಯಾಡಿಸುತ್ತಾರೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

‘ನಾವು ಆಗಲೇ ಕ್ರೈಸ್ತರು, ನಮಗೆ ಇನ್ನೇನು ಹೇಳೋಕೆ ಬಂದಿದ್ದೀರಿ?’ ಈ ಪ್ರಶ್ನೆ ಆಗಾಗ ಬರುತ್ತಿತ್ತು, ಮತ್ತು ಅದು ನ್ಯಾಯವಾದ ಪ್ರಶ್ನೆ. 2020ರ ಜನಗಣತಿಯ ಪ್ರಕಾರ ಅಲ್ಲಿ ನೂರಕ್ಕೆ ಸುಮಾರು 79 ಜನ ರೋಮನ್ ಕ್ಯಾಥೊಲಿಕರು. ನಮ್ಮ ಚರ್ಚಿನ ಮಿಷನ್ ಕೆಲಸ ಅಲ್ಲಿ ಶುರುವಾದದ್ದು 1961ರಲ್ಲಿ. ಈಗ ಸದಸ್ಯರು 8 ಲಕ್ಷಕ್ಕೂ ಹೆಚ್ಚು, ಆದರೂ ಆ ದೇಶದ ಜನಸಂಖ್ಯೆಯ ಮುಂದೆ ಅದು ತೀರಾ ಸಣ್ಣದು. ನಾನು ವಾದಕ್ಕೆ ಇಳಿಯುತ್ತಿರಲಿಲ್ಲ. ‘ನಿಮ್ಮ ಹತ್ತಿರ ಇರುವುದನ್ನು ಬಿಡಿ ಅಂತ ಹೇಳಲು ಬಂದಿಲ್ಲ. ನಾವು ನಂಬಿದ್ದನ್ನು ಹೇಳುತ್ತೇವೆ, ಇಷ್ಟವಾದರೆ ಮುಂದೆ ಕೇಳಿ’ ಅನ್ನುತ್ತಿದ್ದೆ. ಕೆಲವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಡಿಸೆಂಬರ್ 16ರಿಂದ 24ರವರೆಗೆ ಬೆಳಗಿನ ಜಾವ ಸಿಂಬಾಂಗ್ ಗಬಿ ಅನ್ನುವ ಕ್ರಿಸ್‌ಮಸ್ ಮುಂಚಿನ ಕ್ಯಾಥೊಲಿಕ್ ಪೂಜೆಗೆ ಚಳಿಯಲ್ಲಿ ಸಾಲು ಸಾಲಾಗಿ ಹೋಗುವ ಕುಟುಂಬಗಳನ್ನು ನೋಡಿದ ಮೇಲೆ, ಅವರ ಭಕ್ತಿಗೆ ನಾನು ಏನೋ ಸೇರಿಸುತ್ತೇನೆ ಅನ್ನುವ ಜಂಭ ನನ್ನಲ್ಲಿ ಉಳಿದಿರಲಿಲ್ಲ. ನಂಬಿಕೆ ಉಳಿಯಿತು, ಜಂಭ ಹೋಯಿತು. ಎರಡೂ ಬೇರೆ ಬೇರೆ ಅಲ್ವಾ?

ಆತಿಥ್ಯದ ವಿಷಯದಲ್ಲಿ ಒಂದು ಸಣ್ಣ ಸಂಕಟ. ನಮ್ಮ ಚರ್ಚಿನ ನಿಯಮದಂತೆ ನಾವು ಕಾಫಿ, ಟೀ ಕುಡಿಯುವುದಿಲ್ಲ. ಬಡವರ ಮನೆಯಲ್ಲೂ ಮೊದಲು ಬರುವುದು ತ್ರೀ-ಇನ್-ಒನ್ ಕಾಫಿ. ಕಲಸಿ ತಂದ ಮೇಲೆ ಬೇಡ ಅಂದರೆ ಅವರಿಗೆ ನಷ್ಟ, ನಮಗೆ ಮುಜುಗರ. ಕೂರುವ ಮೊದಲೇ ‘ಸ್ವಲ್ಪ ನೀರು ಸಿಗುತ್ತಾ?’ ಅಂತ ಕೇಳಿಬಿಟ್ಟರೆ ಸಮಸ್ಯೆ ಮುಗಿಯಿತು.

ಎಲ್ಲಕ್ಕಿಂತ ಕಷ್ಟದ್ದು ಜೊತೆಗಾತಿ. ಯಾರು ಅಂತ ನಾವು ಆರಿಸುವುದಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಬಚ್ಚಲು ಬಿಟ್ಟರೆ ಬೇರೆಲ್ಲ ಕಡೆ ಒಬ್ಬರಿಗೊಬ್ಬರು ಕಾಣುವ, ಕೇಳಿಸುವ ದೂರದಲ್ಲೇ ಇರಬೇಕು. ಗಂಡಹೆಂಡಿರಿಗೂ ಇಷ್ಟು ಬಿಗಿ ಇರುವುದಿಲ್ಲ! ನನಗೆ ಸಿಕ್ಕವರಲ್ಲಿ ಒಬ್ಬಳು ಟೋಂಗಾದವಳು, ಒಬ್ಬಳು ಅಮೆರಿಕದವಳು, ಉಳಿದವರು ಫಿಲಿಪ್ಪೀನ್ಸ್‌ನವರೇ. ಜಗಳ ದೇವರ ವಿಷಯಕ್ಕೆ ಯಾವತ್ತೂ ಬರಲಿಲ್ಲ. ಬಂದದ್ದು ಫ್ಯಾನಿಗೆ. ಮನೆಗೆ ಒಂದೇ ಫ್ಯಾನು, ಏಪ್ರಿಲ್ ಸೆಖೆ. ತಿರುಗಿಸಿಡಬೇಕಾ, ಒಬ್ಬರ ಕಡೆಗೇ ನಿಲ್ಲಿಸಬೇಕಾ? ಅಲಾರಂ ಎಷ್ಟು ಸಲ ಹೊಡೆಯಬಹುದು? ನೀರಿನ ಡ್ರಮ್ ತುಂಬಿಸುವ ಸರದಿ ಯಾರದ್ದು? ಇಂಥವೇ.

ವಾರದ ಯೋಜನೆಯ ದಿನ ಕೊನೆಯಲ್ಲಿ ಜೊತೆಗಾತಿಯರು ಕೂತು ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತಾಡಬೇಕು ಅನ್ನುವ ರೂಢಿ ನಮ್ಮಲ್ಲಿದೆ. ಬಹಳ ಜನ ಇದನ್ನು ಶಾಸ್ತ್ರಕ್ಕೆ ಮುಗಿಸುತ್ತಾರೆ: ‘ಎಲ್ಲ ಚೆನ್ನಾಗಿದೆ ಅಲ್ವಾ? ಸರಿ, ಪ್ರಾರ್ಥನೆ ಮಾಡೋಣ.’ ನಾನು ಬಿಡುತ್ತಿರಲಿಲ್ಲ. ಇಬ್ಬರೂ ಮೊದಲು ಇನ್ನೊಬ್ಬಳು ಆ ವಾರ ಮಾಡಿದ ಒಂದು ಒಳ್ಳೆಯ ಕೆಲಸ ಹೇಳಬೇಕು. ಆಮೇಲೆ ಫ್ಯಾನಿನಷ್ಟು ಸಣ್ಣ ದೂರು ಒಂದಾದರೂ ಹೇಳಲೇಬೇಕು. ಇಲ್ಲ ಅನ್ನುವಂತಿಲ್ಲ. ಟೋಂಗಾದ ಸಿಸ್ಟರ್ ಒಮ್ಮೆ ಬಹಳ ಯೋಚಿಸಿ, ‘ನೀನು ನಡೆಯುವಾಗ ಯಾವಾಗಲೂ ಎರಡು ಹೆಜ್ಜೆ ಮುಂದೆ ಇರ್ತೀಯ’ ಅಂದಳು. ಮಾರನೇ ದಿನದಿಂದ ಪಕ್ಕದಲ್ಲೇ ನಡೆದೆ. ಅವಳು ನಡೆಯುತ್ತಾ ಮಾತಾಡಲು ಶುರು ಮಾಡಿದಳು, ಅದಕ್ಕೂ ಮೊದಲು ಅವಳು ಮಾತೇ ಕಡಿಮೆ ಅಂದುಕೊಂಡಿದ್ದೆ.

ಆರೋಗ್ಯದ ಬಗ್ಗೆ ಎರಡೇ ಮಾತು. ಕುಡಿಯುವ ನೀರು ರೀಫಿಲ್ ಅಂಗಡಿಯ ನೀಲಿ ಕ್ಯಾನಿನಿಂದ ಮಾತ್ರ. ನಾಯಿ ಕಚ್ಚಿದರೆ ಗಾಯ ಸಣ್ಣದಾದರೂ ಸೋಪು ಹಚ್ಚಿ 15 ನಿಮಿಷ ನೀರಲ್ಲಿ ತೊಳೆದು, ಅದೇ ದಿನ ‘ಅನಿಮಲ್ ಬೈಟ್’ ಕೇಂದ್ರಕ್ಕೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು, ಕಂತಿನ ಎಲ್ಲ ಡೋಸೂ ಮುಗಿಸಬೇಕು. ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಚಂಡಮಾರುತದ ಎಚ್ಚರಿಕೆ ಬಂದರೆ ಮಿಷನ್ ಕಚೇರಿಯಿಂದ ಸಂದೇಶ ಬರುತ್ತದೆ, ಮನೆ ಒಳಗೇ ಇರಬೇಕು. ಕ್ಯಾಂಡಲ್, ಬಿಸ್ಕತ್ತು, ಡಬ್ಬಿ ಮೀನು, ಜೊತೆಗೆ ತುಂಬಿದ ನೀರಿನ ಡ್ರಮ್.

ಸೋಮವಾರ ನಮ್ಮ ‘ಪಿ-ಡೇ’, ತಯಾರಿಯ ದಿನ. ಕೈಯಲ್ಲೇ ಬಟ್ಟೆ ಒಗೆಯುವುದು, ಮಾರುಕಟ್ಟೆ, ಮನೆಗೆ ಫೋನು. 2019ರ ಫೆಬ್ರವರಿಗೆ ಮುಂಚೆ ಮಿಷನರಿಗಳು ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ ಮಾತ್ರ ಫೋನ್ ಮಾಡಬಹುದಿತ್ತು. ಈಗ ವಾರಕ್ಕೊಮ್ಮೆ ವಿಡಿಯೊ ಕಾಲ್. ಮನೆ ನೆನಪಿಗೆ ಇದು ಮದ್ದು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವ ಸ್ವಲ್ಪ ಬೇರೆ. ಸೋಮವಾರ ರಾತ್ರಿಯೇ ಮನೆ ನೆನಪು ಜಾಸ್ತಿ ಕಾಡುತ್ತಿತ್ತು. ಅದಕ್ಕೆ ಫೋನನ್ನು ಬೆಳಿಗ್ಗೆಯೇ ಮುಗಿಸಿ, ಬಟ್ಟೆ ಒಗೆಯುವುದನ್ನು ಆಮೇಲಿಗೆ ಇಟ್ಟುಕೊಂಡೆ. ಅಳು ಬಂದರೂ ಬಕೆಟ್ ಮುಂದೆ ಕೂತಿರುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಪಟ್ಟಿ ಬರುತ್ತದೆ. ಹೆಸರಿದ್ದರೆ ಸೂಟ್‌ಕೇಸ್ ಕಟ್ಟಿಕೊಂಡು ಬೇರೆ ಊರಿಗೆ ಹೊರಡಬೇಕು. ನಾವು ಭೇಟಿ ಮಾಡಿದವರ ವಿವರ ಇಡಲು ಒಂದು ಆ್ಯಪ್ ಇದೆ. ಅದರಲ್ಲಿ ಯಾವ ಪಾಠ ಮುಗಿಯಿತು, ಯಾರು ಚರ್ಚಿಗೆ ಬಂದರು ಅಂತ ಗುರುತು ಹಾಕಬಹುದು. ಮುಂದೆ ಬರುವ ಸಿಸ್ಟರ್‌ಗೆ ನಿಜಕ್ಕೂ ಬೇಕಾಗುವುದು ಅದಲ್ಲ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಟಿಪ್ಪಣಿ ಬರೆಯುವ ಖಾಲಿ ಜಾಗದಲ್ಲಿ ನನಗೆ ಗೊತ್ತಿದ್ದದ್ದನ್ನೆಲ್ಲ ತುಂಬುತ್ತಿದ್ದೆ. ಇವರು ಗುರುವಾರ ಮಾತ್ರ ಸಿಗುತ್ತಾರೆ. ಇವರ ಗಂಡ ಸೌದಿಯಲ್ಲಿ, ಅವರು ಫೋನ್ ಮಾಡುವ ಹೊತ್ತಿಗೆ ಹೋಗಬೇಡಿ. ಈ ಅಂಕಲ್ ಒಬ್ಬರೇ ಇರುವುದು, ಚರ್ಚಿನ ಯಾರಾದರೂ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೋಗಿ. ಈ ಅಜ್ಜಿಗೆ ಪಾಠ ಬೇಡ, ಕಣ್ಣು ಕಾಣುವುದಿಲ್ಲ, ಕೀರ್ತನೆಗಳ ಪುಸ್ತಕದಿಂದ ಒಂದು ಅಧ್ಯಾಯ ಓದಿ ಹೇಳಿ ಬನ್ನಿ.